ಹನ್ನೆರಡನೆಯ ಡಬ್ಬಿ

ಜನವರಿ ಹತ್ತು, ಶುಕ್ರವಾರ. ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಗೋವಾದ ಮ್ಹಾಪಸಾ ಠಾಣೆಯ ಮೆಟ್ಟಿಲು ಹತ್ತಿ ಬಂದ ಭೂರಿಬಾಯಿ ಏದುಸಿರು ಬಿಡುತ್ತಿದ್ದಳು. ಶುಕ್ರವಾರದ ಸಂತೆಯಲ್ಲಿ ಬಳೆ, ಸರ ಮಾರುವ ಹೆಂಗಸು. ಇನ್‌ಸ್ಪೆಕ್ಟರು ಸಭೆಗೆಂದು ಪಣಜಿಗೆ ಹೋಗಿದ್ದರಿಂದ ಠಾಣೆ ಆ ಹೊತ್ತು ಸಬ್ ಇನ್‌ಸ್ಪೆಕ್ಟರ್ ಮಲ್ಲಿಕಾ ಮುನವಳ್ಳಿಯ ಕೈಯಲ್ಲಿತ್ತು.

"ನನ್ನ ಬಾಕಿನ ಕೆಳಗ ಒಂದು ಡಬ್ಬಿ ಐತ್ರಿ ಮೇಡಂ. ಟಿಕ್ ಟಿಕ್ ಅನ್ನಾಕತ್ತೇತಿ. ಕೆಂಪು ದೀಪ ಬ್ಯಾರೆ."

"ಯಾರು ಇಟ್ಟಾರ?"

"ಗೊತ್ತಿಲ್ರಿ. ಏಳಕ್ಕ ನಾ ಬರೂಕಿಂತ ಮೊದಲ ಇತ್ತು."

"ಮುಟ್ಟಿದ್ರೇನು?"

"ಕಾಲಾಗ ಚೂರು ಸರಸೀನ್ರಿ."

ಮಲ್ಲಿಕಾ ಟೋಪಿ ಹಾಕಿಕೊಂಡು ಎದ್ದಳು. ಅವಳ ಅಜ್ಜ ಬೆಳಗಾವಿಯಿಂದ ಬಂದು ಇದೇ ಸಂತೆಯಲ್ಲಿ ಸೀರೆ ಹರವಿ ಕೂತವನು. ಯಾವ ಸಾಲಿನಲ್ಲಿ ಚೋರಿಸ್ ಎಂಬ ಹಂದಿಮಾಂಸದ ಸಾಸೇಜು ಮಾರುತ್ತಾರೆ, ಯಾವ ಸಾಲಿನಲ್ಲಿ ಮಡಕೆ ಮಾರುತ್ತಾರೆ ಎಂಬುದು ಅವಳಿಗೆ ಕಣ್ಣು ಕಟ್ಟಿ ಬಿಟ್ಟರೂ ಗೊತ್ತಾಗುತ್ತಿತ್ತು. ಜೊತೆಗೆ ಹೆಡ್ ಕಾನ್ಸ್‌ಟೇಬಲ್ ಗುರುದಾಸ ಗಾಂವಕರ ಹೊರಟ. ಇಪ್ಪತ್ತಾರು ವರ್ಷ ಸರ್ವಿಸ್ ಆದ, ಮಾತು ಕಡಿಮೆಯ ಕೊಂಕಣಿ ಮನುಷ್ಯ.

ಡಬ್ಬಿ ಊಟದ ಡಬ್ಬಿಯಷ್ಟು ದೊಡ್ಡದು, ತಗಡಿನದು, ಕೆಂಪು ಬಣ್ಣ ಬಳಿದದ್ದು. ಮುಚ್ಚಳದ ಮೇಲೆ ಕಾಳಿನಷ್ಟು ದೀಪ ಹತ್ತಿ ಆರುತ್ತಿತ್ತು. ಎರಡು ಸೆಕೆಂಡಿಗೊಮ್ಮೆ ಟಿಕ್ ಎನ್ನುತ್ತಿತ್ತು. ಪಕ್ಕದಲ್ಲಿ ಮರಾಠಿಯಲ್ಲೂ ಕನ್ನಡದಲ್ಲೂ ಒಂದೇ ಸಾಲು: 'ಇವತ್ತು ಹನ್ನೊಂದಕ್ಕೆ ಧಮಾಕಾ!'

ಗುರುದಾಸ ಓದಿ ಮೀಸೆ ಒರೆಸಿಕೊಂಡ. "ಬಾಂಬ್ ಇಡುವವನು ಟೈಮ್ ಬರೆದು ಹೋಗ್ತಾನಾ, ಮೇಡಂ?"

"ಹೋಗಲಿಕ್ಕಿಲ್ಲ. ಆದರೂ ಅಲ್ಲ ಅಂತ ಹೇಳೋ ಅಧಿಕಾರ ನಮಗಿಲ್ಲ."

ಒಂಬತ್ತು ನಲವತ್ತಕ್ಕೆ ಪಣಜಿಯ ಬಾಂಬ್ ನಿಷ್ಕ್ರಿಯ ದಳಕ್ಕೆ ಫೋನ್ ಹೋಯಿತು. ಜನರನ್ನು ಸಾಲು ಸಾಲಾಗಿ, ಗದ್ದಲವಿಲ್ಲದೆ ಹೊರಗೆ ಕಳಿಸುವುದು ಮಲ್ಲಿಕಾಳ ಯೋಜನೆ. ಮೊದಲ ಎರಡು ಸಾಲು ಹಾಗೆಯೇ ಖಾಲಿಯಾದವು. ಒಂಬತ್ತು ಐವತ್ತೆರಡಕ್ಕೆ ಎಲ್ಲ ಕೈತಪ್ಪಿತು.

ಮೀನು ಮಾರುಕಟ್ಟೆಯ ಕಡೆಯಿಂದ ಒಂದು ಕೂಗು ಎದ್ದಿತು. ಅದರ ಹಿಂದೆ ನೂರು ಕೂಗು. ಶಟರುಗಳು ದಡದಡ ಕೆಳಗೆ ಬಿದ್ದವು. ಜನ ಫೋನು ಕಿವಿಗೆ ಹಿಡಿದುಕೊಂಡೇ ಓಡುತ್ತಿದ್ದರು. ಬಾಳೆಗೊನೆ, ಉಪ್ಪುಮೀನು, ಪ್ಲಾಸ್ಟಿಕ್ ಬಕೆಟ್ಟು ಎಲ್ಲವೂ ಕಾಲಡಿಗೆ. ಸೊಪ್ಪು ಮಾರುವ ಮುದುಕಿ ಮುರುಗೆವ್ವ ಬಿದ್ದು ಮುಂಗೈ ಮುರಿದುಕೊಂಡಳು. ಗುರುದಾಸ ಅವಳನ್ನು ಎತ್ತಿಕೊಂಡು ಆಂಬುಲೆನ್ಸಿಗೆ ಕೂರಿಸಿದರೆ, "ನನ್ನ ಮೆಂತೆ ಬುಟ್ಟಿ" ಎಂದು ಅವನನ್ನೇ ಬೈದಳು.

ಒಬ್ಬ ಹುಡುಗಿಯ ಫೋನಿನಲ್ಲಿ ಮಲ್ಲಿಕಾ ಅದನ್ನು ಕೇಳಿಸಿಕೊಂಡಳು. ವಾಟ್ಸಾಪಿನ ವಾಯ್ಸ್ ಮೆಸೇಜು. ಗಂಡಸಿನ ದನಿ, ಗಡಿಬಿಡಿಯ ಮರಾಠಿ: ಬಸ್ ಸ್ಟ್ಯಾಂಡಿನಲ್ಲಿ ಒಂದು ಬಾಂಬ್ ಸಿಡಿದಿದೆ, ನಾಲ್ವರು ಸತ್ತಿದ್ದಾರೆ, ಡಬ್ಬಿ ಇಟ್ಟವನು ಟೆಂಪೋದ ಮುದುಕ, ನಾನೇ ಕಣ್ಣಾರೆ ಕಂಡೆ.

ಬಸ್ ಸ್ಟ್ಯಾಂಡಿನಲ್ಲಿ ಏನೂ ಸಿಡಿದಿರಲಿಲ್ಲ. ಆದರೆ ಟೆಂಪೋದ ಮುದುಕ ನಿಜವಾಗಿಯೂ ಇದ್ದ.

ಹತ್ತು ಗಂಟೆ ಹತ್ತು ನಿಮಿಷಕ್ಕೆ ಅವಳು ಟೆಂಪೋ ನಿಲ್ದಾಣ ಮುಟ್ಟುವಷ್ಟರಲ್ಲಿ ಮೂವತ್ತು ನಲವತ್ತು ಜನ ಮೈಬೂಬಸಾಬನನ್ನು ಸುತ್ತಿಕೊಂಡಿದ್ದರು. ಸವಣೂರಿನಿಂದ ಬಂದು ಇಪ್ಪತ್ತೈದು ವರ್ಷದಿಂದ ಇಲ್ಲಿ ಸಾಮಾನು ಸಾಗಿಸುವವನು. ಟೆಂಪೋದ ಮುಂದಿನ ಗಾಜು ಪುಡಿಯಾಗಿತ್ತು. ಅಂಗಿಯ ತೋಳು ಹರಿದಿತ್ತು. ಹಿಂದಿನ ಪೆಟ್ಟಿಗೆಯಲ್ಲಿ ಕೆಂಪು ಬಣ್ಣದ ತಗಡಿನ ಬರೀ ಮುಚ್ಚಳ ಮೂರು ಸಿಕ್ಕಿದ್ದವು. ಅಷ್ಟೇ ಸಾಕಾಗಿತ್ತು.

"ಸರೀರಿ!" ಮಲ್ಲಿಕಾ ಗುಂಪಿನೊಳಗೆ ನುಗ್ಗಿ ಅವನ ಮುಂದೆ ನಿಂತಳು. ಕೋಲು ಎತ್ತಿದ್ದವನ ಕೈಯನ್ನೇ ಹಿಡಿದಳು. "ನಿನ್ನ ಹೆಸರೇನು? ಹೇಳು, ಬರಕೋತೀನಿ. ನಿನ್ನ ಹೆಸರು?"

ಹೆಸರು ಕೇಳಿದ್ದೇ ತಡ, ಗುಂಪು ಹಿಂದಿನಿಂದ ಕರಗತೊಡಗಿತು.

ಹತ್ತು ಐವತ್ತೈದಕ್ಕೆ ಬಾಂಬ್ ದಳದ ಅಧಿಕಾರಿ ದಪ್ಪ ಕವಚ ತೊಟ್ಟು ಭೂರಿಬಾಯಿಯ ಬಾಕಿನ ಕೆಳಗಿದ್ದ ಡಬ್ಬಿಯನ್ನು ಮೊದಲು ಬಿಚ್ಚಿದ. ಒಳಗೆ ಕೈಗಡಿಯಾರದ ಬ್ಯಾಟರಿ, ಸಣ್ಣ ಸರ್ಕಿಟ್ಟು, ಅದರ ಕೆಳಗೆ ಬಟ್ಟೆಯ ಚೀಲ. ಚೀಲದ ಬಾಯಿ ಬಿಚ್ಚಿ ಒಳಗೆ ನೋಡಲು ಅವನು ಮುಖವಾಡ ಎತ್ತಿದ. ಮರುಕ್ಷಣ ಅವನು ಸೀನಿದ ಸದ್ದು ಖಾಲಿ ಸಂತೆಯ ತುಂಬ ಕೇಳಿಸಿತು. ಒಂದು, ಎರಡು, ಐದು. ಸಹಾಯಕನೂ ಸೀನಿದ. ಹಗ್ಗದ ಆಚೆ ನಿಂತಿದ್ದ ಪೊಲೀಸ್ ನಾಯಿಯೂ ಸೀನಿತು.

"ಮೆಣಸಿನ ಪುಡಿ," ಎಂದ ಅಧಿಕಾರಿ, ಕಣ್ಣೀರು ಸುರಿಸುತ್ತ. "ಬೆಳ್ಳುಳ್ಳಿಯೂ ಇದೆ."

ಚೀಲದಲ್ಲಿ ಒಂದು ಚೀಟಿ: 'ಹುಡುಕಿದವರಿಗೆ ಶಾಬಾಸ್! ಹಜರತಬಿ ಮಸಾಲಿ ಖಾರ. ಹನ್ನೊಂದಕ್ಕೆ ಟೆಂಪೋ ನಿಲ್ದಾಣದಾಗ ನಮ್ಮ ಗಾಡಿಗೆ ಬರ್ರಿ, ರೊಟ್ಟಿ ಊಟ ಪುಕ್ಕಟೆ.'

ಮಲ್ಲಿಕಾಳಿಗೆ ನಗು ತಡೆಯಲಾಗಲಿಲ್ಲ. ಮುಖ ತಿರುಗಿಸಿಕೊಂಡು ನಕ್ಕಳು. ಹೊರಗಿನಿಂದ ಬೀಗವಿಲ್ಲ, ಮೊಳೆಯಿಲ್ಲ, ಬೆರಳಿನಿಂದ ಎತ್ತಿದರೆ ತೆರೆಯುವ ಮುಚ್ಚಳ. ಇಡೀ ಸಂತೆಯಲ್ಲಿ ಒಬ್ಬರೂ ಎತ್ತಿ ನೋಡಿರಲಿಲ್ಲ. ಒಂದರ್ಥದಲ್ಲಿ ಅದು ಸರಿಯಾದದ್ದೇ.

ಮಧ್ಯಾಹ್ನದವರೆಗೆ ಪಂಚನಾಮೆ ನಡೆಯಿತು. ಸಂತೆಯ ಬೇರೆ ಬೇರೆ ಸಾಲುಗಳಲ್ಲಿ ಸಿಕ್ಕ ಇಂಥ ಡಬ್ಬಿಗಳು ಒಟ್ಟು ಹನ್ನೊಂದು. ಠಾಣೆಯಲ್ಲಿ ಹನ್ನೆರಡೂಕಾಲಿಗೆ ಮೈಬೂಬಸಾಬನ ಹೇಳಿಕೆ ಶುರುವಾಯಿತು. ಅವನಿಗೆ ಚಹಾ ಕೊಟ್ಟಿದ್ದರು. ಕುಡಿದಿರಲಿಲ್ಲ.

"ಡಬ್ಬಿ ನೀವ ಇಟ್ರೇನು, ಚಾಚಾ?"

"ಹೌದ್ರಿ."

"ಎಷ್ಟು ಗಂಟೇಕ?"

"ಮುಂಜಾನಿ ಐದೂವರಿಯಿಂದ ಆರೂವರಿ ಒಳಗ."

"ಯಾರು ಕೊಟ್ರು?"

ಅವನು ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿದ.

"ಹಜರತಬಿ ಅಂದ್ರ ಯಾರು?"

"ನನ್ನ ಹೆಂಡತಿರಿ. ಆಕಿಗೆ ಇದೇನೂ ಗೊತ್ತಿಲ್ಲ."

"ಸರ್ಕಿಟ್ ಮಾಡಿದವರು ಯಾರು?"

"ನಾನ ಮಾಡೇನಿ."

"ಬ್ಯಾಟರಿಗೆ ವಾಯರ್ ಹೆಂಗ ಬೆಸೀತಾರ, ಹೇಳ್ರಿ ನೋಡೂಣು."

ಅವನು ತಲೆ ತಗ್ಗಿಸಿದ. ಹರಿದ ತೋಳನ್ನು ಮಡಚಿ ಮಡಚಿ ಮೇಲೇರಿಸಿದ. "ನನ್ನ ಹೆಸರಿನ ಮ್ಯಾಲ ಬರಕೋರಿ ಮೇಡಮ್ಮಾ. ನಾ ಮುದುಕ. ನನಗೇನು ಹೋಗೂದೈತಿ?"

ಅಷ್ಟು ಜನ ಕೋಲು ಹಿಡಿದು ನಿಂತಾಗಲೂ 'ಅದು ಮೆಣಸಿನ ಪುಡಿ' ಎಂದು ಅವನು ಹೇಳಿದ್ದನಂತೆ. ಯಾರೂ ಕೇಳಿರಲಿಲ್ಲ. 'ಯಾರು ಕೊಟ್ಟರು' ಎಂದಾಗ ಮಾತ್ರ ಆಗಲೂ ಬಾಯಿ ಬಿಟ್ಟಿರಲಿಲ್ಲ. ಯಾರನ್ನೋ ಕಾಪಾಡುತ್ತಿದ್ದಾನೆ ಎಂದು ಮಲ್ಲಿಕಾಳಿಗೆ ಅನ್ನಿಸಿತು. ಅವನು ಕಾಪಾಡುತ್ತಿದ್ದವಳು ಹನ್ನೆರಡು ನಲವತ್ತಕ್ಕೆ ತಾನೇ ಬಂದಳು. ಇಪ್ಪತ್ತೆರಡರ ಹುಡುಗಿ, ಕೈಯಲ್ಲಿ ಕಾಲೇಜಿನ ಫೈಲು. ಉಸಗಾಂವದಿಂದ ಎರಡು ಬಸ್ ಬದಲಿಸಿ ಬಂದಿದ್ದಳು.

"ನಾನು ಸೋಫಿಯಾ. ಇವರ ಮಗಳು. ಡಬ್ಬಿ ನಾನ ಮಾಡೀನ್ರಿ. ಅಬ್ಬಾನ್ನ ಬಿಡ್ರಿ."

"ಯಾಕ ಬಂದಿ ನೀ?" ಎಂದ ಮೈಬೂಬಸಾಬ, ಅಂದು ಮೊದಲ ಬಾರಿ ದನಿ ಎತ್ತಿ.

ಸೋಫಿಯಾ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದವಳು. ಅವಳ ತಾಯಿ ಉಸಗಾಂವದಲ್ಲಿ ಗಣಿ ಲಾರಿ ಚಾಲಕರಿಗೆ ರೊಟ್ಟಿ ಊಟ ಮಾಡಿಕೊಡುತ್ತಿದ್ದಳು. ಅವಳ ಖಾರಕ್ಕೆ ಹೆಸರಿತ್ತು. ಅದನ್ನು ಪೊಟ್ಟಣ ಕಟ್ಟಿ ಮಾರಲು ಹೊರಟಾಗ ಮಗಳಿಗೆ ಈ ಜಾಹೀರಾತು ಹೊಳೆದಿತ್ತು. ಸದ್ದು ಕೇಳಿ ಜನ ಹುಡುಕಲಿ, ಮುಚ್ಚಳ ಎತ್ತಿ ನಗಲಿ. ನಗರಸಭೆಯ ಪರವಾನಗಿ ಬೇಕೆಂಬುದು ಗೊತ್ತಿರಲಿಲ್ಲ. ಫೈಲಿನಲ್ಲಿ ಸರ್ಕಿಟ್ಟಿನ ನಕ್ಷೆಯಿತ್ತು. ಬಾಂಬ್ ದಳದವರು ನೋಡಿ, ಬೆಸುಗೆ ಅಚ್ಚುಕಟ್ಟಾಗಿದೆ ಎಂದು ಒಪ್ಪಿಕೊಂಡರು.

"ಎಷ್ಟು ಡಬ್ಬಿ ಮಾಡಿದಿ?"

"ಹನ್ನೆರಡ್ರಿ."

ಮಲ್ಲಿಕಾ ಪಂಚನಾಮೆ ತಿರುವಿದಳು. ಹನ್ನೊಂದು. "ಹನ್ನೆರಡನೇದು ಎಲ್ಲಿಟ್ರಿ, ಚಾಚಾ?"

"ಪಾತ್ರೆ ಅಂಗಡಿ ಸಾಲಿನ್ಯಾಗ್ರಿ. ಯಶವಂತಪ್ಪನ ಕಟ್ಟಿ ಮ್ಯಾಲ."

ಗುರುದಾಸ ಹುಡುಕಿ ಬಂದ. ಕಟ್ಟೆಯ ಮೇಲೆ ಡಬ್ಬಿ ಇರಲಿಲ್ಲ.

ಅಷ್ಟರಲ್ಲಿ ಎಫ್‌ಐಆರ್ ದಾಖಲಾಗಿತ್ತು, ಸುಳ್ಳು ಸುದ್ದಿ ಹಬ್ಬಿಸಿ ಜನರಲ್ಲಿ ಭೀತಿ ಹುಟ್ಟಿಸಿದ ಅಪರಿಚಿತ ವ್ಯಕ್ತಿಯ ಮೇಲೆ. ಮಲ್ಲಿಕಾ ಇಯರ್‌ಫೋನ್ ಸಿಕ್ಕಿಸಿಕೊಂಡು ಆ ವಾಯ್ಸ್ ಮೆಸೇಜನ್ನು ಮತ್ತೆ ಕೇಳಿದಳು. ಮೂವತ್ತೊಂದು ಸೆಕೆಂಡು. ನಾಲ್ಕನೆಯ ಸಲ ಕೇಳುವಾಗ ಕೊನೆಯಲ್ಲಿ ಏನೋ ಇದೆ ಅನ್ನಿಸಿ ದನಿ ಹೆಚ್ಚಿಸಿದಳು. 'ಕಣ್ಣಾರೆ ಕಂಡೆ' ಎಂದ ಮೇಲೆ ಮಾತಾಡುವವನು ಒಮ್ಮೆ ಸೀನಿದ್ದ. ಇನ್ನೊಂದು ಸೀನು ಅರ್ಧಕ್ಕೆ ತುಂಡಾಗಿತ್ತು.

"ಗುರುದಾಸ, ಇದು ಬಂದದ್ದು ಎಷ್ಟಕ್ಕೆ?"

"ಒಂಬತ್ತು ನಲವತ್ತೆಂಟರ ಹೊತ್ತಿಗೆ."

"ನಾವು ಮೊದಲನೇ ಡಬ್ಬಿ ತೆಗೆದದ್ದು ಹತ್ತು ಐವತ್ತೈದಕ್ಕೆ. ಅದಕ್ಕಿಂತ ಒಂದು ತಾಸು ಮೊದಲೇ ಇವನು ಯಾಕೆ ಸೀನಿದ?"

ಗುರುದಾಸನ ಮೀಸೆಯ ಕೆಳಗೆ ಬಹಳ ಹೊತ್ತಿನ ಮೇಲೆ ಒಂದು ನಗೆ ಕಂಡಿತು. ಅವನು ಟೋಪಿ ತೆಗೆದುಕೊಂಡು ಹೊರಟ. 'ನಿಮಗೆ ಇದನ್ನು ಕಳಿಸಿದ್ದು ಯಾರು?' ಎಂಬ ಒಂದೇ ಪ್ರಶ್ನೆ ಹಿಡಿದು ಮೀನು ಮಾರುವವಳಿಂದ ಹೂವಿನವಳಿಗೆ, ಅವಳಿಂದ ಬೇಕರಿಯವನಿಗೆ, ಹೀಗೆ ಏಳು ಜನರ ಫೋನು ನೋಡುತ್ತ ಹಿಂದೆ ಹಿಂದೆ ನಡೆದ. ಏಳನೆಯವನು ಪಾತ್ರೆ ಸಾಲಿನ ಹಗ್ಗದ ವ್ಯಾಪಾರಿ ಹೀರಪ್ಪ. ಅವನಿಗೆ ಅದು ಬಂದದ್ದು ವ್ಯಾಪಾರಿಗಳ ವಾಟ್ಸಾಪ್ ಗುಂಪಿನಲ್ಲಿ. ಹಾಕಿದವನು ಪಕ್ಕದ ಅಂಗಡಿಯ ಯಶವಂತ ಹುಕ್ಕೇರಿ.

ಸಂಜೆ ಐದು ಹತ್ತಕ್ಕೆ ಮಲ್ಲಿಕಾ ಅವನ ಅಂಗಡಿಗೆ ಹೋದಳು. ಸ್ಟೀಲು ಪಾತ್ರೆಗಳ ನಡುವೆ ಸಣಕಲ ಮನುಷ್ಯ, ಐವತ್ತೆಂಟರ ಆಸುಪಾಸು. ಹೊಟ್ಟೆಯ ಮೇಲೆ ಒಂದು ಕೈ ಇಟ್ಟುಕೊಂಡೇ ಎದ್ದ.

"ಮೆಸೇಜ್ ನೀವು ಹಾಕಿದ್ದೇನ್ರಿ?"

"ಯಾರೋ ಹೇಳಿದ್ರಿ. ನಾ ಮುಂದ ಹೇಳೀನಿ, ಅಷ್ಟ."

"ಕಣ್ಣಾರೆ ಕಂಡೆ ಅಂದೀರಿ."

"ಗಡಿಬಿಡಿಯೊಳಗ ಅಂದಿರಬೇಕ್ರಿ."

ಮಲ್ಲಿಕಾ ಫೋನಿನಲ್ಲಿ ಕೊನೆಯ ಮೂರು ಸೆಕೆಂಡು ಹಾಕಿದಳು. "ಈ ಸೀನು?"

"ನೆಗಡಿರಿ."

"ಈಗ ಎಲ್ಲಿ ಹೋತು ನೆಗಡಿ?"

 ಯಶವಂತನ ಕಣ್ಣು ತನಗೆ ಗೊತ್ತಿಲ್ಲದೆಯೇ ಮೇಲಿನ ಅಟ್ಟಕ್ಕೆ ಹೋಗಿ ಬಂತು. ಇಬ್ಬರು ಪಂಚರ ಎದುರು ಗುರುದಾಸ ಏಣಿ ಹತ್ತಿ ದೊಡ್ಡ ಕೊಳಗದ ಮುಚ್ಚಳ ತೆಗೆದ. ಒಳಗೆ ಹನ್ನೆರಡನೆಯ ಡಬ್ಬಿ ಇತ್ತು. ಚೀಲ ಬಿಚ್ಚಿತ್ತು, ಚೀಟಿಯ ಮಡಿಕೆ ತೆರೆದಿತ್ತು.

"ಚೀಟಿ ಓದಿದ ಮ್ಯಾಲ ಮೆಸೇಜ್ ಹಾಕೀರಿ," ಎಂದಳು ಮಲ್ಲಿಕಾ. ಈಗ ಅವಳಿಗೆ ಸಿಟ್ಟು ಬಂದಿತ್ತು. "ಖಾರ ಅಂತ ಗೊತ್ತಿತ್ತು. ಮತ್ತ ಟೆಂಪೋದವನ್ನ ಯಾಕ ಸೇರಿಸಿದ್ರಿ? ಆ ಮನಿಷ್ಯಾ ಇವತ್ತ ಸಾಯ್ತಿದ್ದ."

"ಅವ ಇಡೂದು ನೋಡಿದ್ದೆ. ಸೇರಿಸಿದ್ರ ಖರೇ ಅನಸ್ತೇತಿ ಅಂತ..." ಅವನು ಏಣಿಗೆ ಒರಗಿದ. "ಹಿಂಗ ಆಗ್ತೇತಿ ಅನ್ನೂದು ತಲ್ಯಾಗ ಬರಲಿಲ್ರಿ."

ಭಾರತೀಯ ನ್ಯಾಯ ಸಂಹಿತೆಯ ಮುನ್ನೂರ ಐವತ್ಮೂರನೆಯ ಕಲಮಿನಡಿ ಐದು ನಲವತ್ತಕ್ಕೆ ಅವನ ಬಂಧನವಾಯಿತು. ಮೈಬೂಬಸಾಬನನ್ನು ಆಗಲೇ ಮನೆಗೆ ಕಳಿಸಿದ್ದರು. ಪರವಾನಗಿ ಇಲ್ಲದ ಜಾಹೀರಾತಿಗೆ ಸೋಫಿಯಾಳಿಗೆ ನೋಟಿಸು, ಮುಚ್ಚಳಿಕೆ. ಗಾಜು ಒಡೆದವರ ಮೇಲೆ ಬೇರೆ ಕೇಸು ಬರೆಯಲು ಮಲ್ಲಿಕಾ ಹಟ ಹಿಡಿದಳು. ಚಾಚಾ ಬೇಡ ಎಂದರೂ ಬರೆದಳು. ಕೋಲು ಎತ್ತಿದ್ದವನು ಸಂಜೆಯೊಳಗೆ ತಾನಾಗಿ ಠಾಣೆಗೆ ಬಂದು ಹೆಸರು ಹೇಳಿ ಬಾಕಿನ ಮೇಲೆ ಕೂತಿದ್ದ.

ಯಶವಂತನ ಹೇಳಿಕೆ ಉದ್ದವಾಗಿರಲಿಲ್ಲ.

"ಗುಂಪಿನೊಳಗ ಮುನ್ನೂರ ಎಂಟು ಮಂದಿ ಅದಾರ್ರಿ. ನಾಕು ವರ್ಷ ಆತು, ದಿನಾ ಮುಂಜಾನಿ ನಮಸ್ಕಾರ ಹಾಕ್ತೀನಿ. ಯಾರೂ ತಿರುಗಿ ಅನ್ನಂಗಿಲ್ಲ. ಹ್ವಾದ ತಿಂಗಳ ಹೊಟ್ಟಿ ಆಪರೇಷನ್ ಆತು. ದವಾಖಾನ್ಯಾಗಿಂದ ಅದನ್ನೂ ಹಾಕಿದೆ. ಎಲ್ಲಾರೂ ಓದಿದ್ರು. ಒಬ್ಬರೂ ಒಂದಕ್ಷರ ಬರೀಲಿಲ್ಲ." ಅವನು ನೀರು ಕುಡಿದ. "ಇವತ್ತ ಫೋನ್ ನಿಲ್ಲಲಿಲ್ಲ ನೋಡ್ರಿ. ಯಶವಂತಣ್ಣ ಎಲ್ಲಿದ್ದೀರಿ, ಯಶವಂತಣ್ಣ ಆರಾಮ ಅದೀರೇನು... ಸುಳ್ಳು ಅಂತ ಹೇಳಬೇಕಂತ ಎರಡು ಸಲ ಕೈಗೆ ತಗೊಂಡೆ. ಆಗಲಿಲ್ಲ."

ಮಲ್ಲಿಕಾ ಅದನ್ನು ಅವನ ಮಾತಿನಲ್ಲೇ ಬರೆದುಕೊಂಡಳು. ಬಂಧನದ ಮೆಮೊದಲ್ಲಿ ಒಂದು ಕಾಲಂ ತುಂಬುವುದು ಉಳಿದಿತ್ತು.

"ಯಾರಿಗೆ ತಿಳಿಸಬೇಕ್ರಿ?"

 ಅವನ ಹೆಂಡತಿ ತೀರಿ ಆರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಕೊನೆಗೆ, ಬರುತ್ತಾನೋ ಇಲ್ಲವೋ ಎಂಬ ಅನುಮಾನದಲ್ಲಿ, "ಬಾಜೂ ಅಂಗಡಿ ಹೀರಪ್ಪಗ" ಎಂದ.

ಗುರುದಾಸ ಫೋನ್ ಮಾಡಿದ ಹನ್ನೆರಡು ನಿಮಿಷಕ್ಕೆ ಹೀರಪ್ಪ ಬಂದ. ದಪ್ಪನೆಯ ಮನುಷ್ಯ, ಮೆಟ್ಟಿಲು ಹತ್ತಿ ದಣಿದಿದ್ದ. ಒಂದು ಕೈಯಲ್ಲಿ ಅನ್ನದ ಡಬ್ಬಿ, ಇನ್ನೊಂದರಲ್ಲಿ ಔಷಧಿಯ ಪೊಟ್ಟಣ. ಮಲ್ಲಿಕಾಳಿಗೆ ಕೈ ಮುಗಿದು ನೇರ ಯಶವಂತನ ಹತ್ತಿರ ಹೋದ.

"ಎಂಥಾ ಕೆಲಸಾ ಮಾಡಿದ್ಯೋ ಮಾರಾಯಾ. ಇರಲಿ, ಸಂಜಿ ಗುಳಗಿ ತಗೊಂಡಿಲ್ಲ ನೀ. ನಿನ್ನ ಗಲ್ಲಾದಾಗ ಇತ್ತು, ತಂದೀನಿ."

ಯಶವಂತ ತಲೆ ಎತ್ತಿದ. "ನನ್ನ ಗುಳಗಿ ನಿನಗ ಹೆಂಗ ಗೊತ್ತು?"

"ಗೊತ್ತಿರದ ಏನು? ಆಪರೇಷನ್ ಸುದ್ದಿ ನೀನ ಹಾಕಿದ್ದಿ. ದವಾಖಾನಿಗೂ ಬಂದಿದ್ದೆ, ನಿನಗ ಎಚ್ಚರ ಇರಲಿಲ್ಲ." ಹೀರಪ್ಪ ಡಬ್ಬಿಯ ಮುಚ್ಚಳ ಬಿಚ್ಚುತ್ತ, ಸ್ವಲ್ಪ ನಾಚಿಕೆಯಿಂದ ಹೇಳಿದ: "ನನಗ ಆ ಫೋನಿನ್ಯಾಗ ಬರಿಯಾಕ ಬರಂಗಿಲ್ಲಪಾ. ಉಣ್ಣು ಮೊದಲ."