ಏಳನೇ ಕಲ್ಲಿನ ಫೋಟೋ

"ಹನ್ನೊಂದು ಗಂಟೆವರೆಗೆ ಟೈಮ್. ಆಮೇಲೆ ನನ್ನ ಕೇಳ್ಬೇಡಿ," ಎಂದರು ಮಹಾಲಿಂಗಪ್ಪ.

ಬಾಗಲೂರಿನಾಚೆಯ ಸೀಗೆಕುಂಟೆ ಕೆರೆ ಸಮಿತಿಗೆ ಅವರು ಅಧ್ಯಕ್ಷರು. ಬೆಳಗಿನ ಆರೂವರೆ. ಏರಿಯ ಮೇಲೆ ಅವರ ಬೆನ್ನ ಹಿಂದೆ ಹಳದಿ ಜೆಸಿಬಿಯೊಂದು ಮಂಜಿನಲ್ಲಿ ತೊಯ್ದು ನಿಂತಿತ್ತು. ಕೆರೆಯ ಅರ್ಧ ಭಾಗವನ್ನು ಆಳೆತ್ತರದ ಜೊಂಡು ನುಂಗಿಬಿಟ್ಟಿತ್ತು. ಅದನ್ನು ಅವತ್ತೇ ಬುಡಸಮೇತ ಕಿತ್ತೊಗೆಯುವುದೆಂದು ತೀರ್ಮಾನವಾಗಿತ್ತು.

ತೀರ್ಮಾನಕ್ಕೆ ಅಡ್ಡ ಬಂದವರು ಗೋಪಾಲಮ್ಮ. ದಿನಾ ಥರ್ಮಾಕೋಲ್ ತೆಪ್ಪದಲ್ಲಿ ಹೋಗಿ ಹಸುಗಳಿಗೆ ಜೊಂಡು ಕೊಯ್ದು ತರುವ ಹೆಂಗಸು. ಜೊಂಡಿನ ನಡುವೆ ಉದ್ದಕತ್ತಿನ ಕೊಕ್ಕರೆ ಗೂಡು ಕಟ್ಟಿದೆ, ಮೂರು ಮರಿಗಳಿವೆ ಎಂದು ಹಿಂದಿನ ದಿನ ಸಭೆಯಲ್ಲಿ ಎದ್ದು ನಿಂತು ಹೇಳಿದ್ದರು. ಜನ ನಕ್ಕಿದ್ದರು. "ಹಸುಗೆ ಮೇವು ತಪ್ಪುತ್ತಲ್ಲ, ಅದಕ್ಕೇ ಕೊಕ್ಕರೆ ಹುಟ್ಟಿದೆ," ಎಂದು ಒಬ್ಬ ಕುಟುಕಿಯೂ ಇದ್ದ. ಗೋಪಾಲಮ್ಮ ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ. ಐವತ್ತೈದು ವರ್ಷಕ್ಕೆ ಮೊದಲ ಸಲ ಅವರನ್ನು ಊರೆದುರು ಸುಳ್ಳುಗಾತಿ ಎಂದಿದ್ದರು.

ಮಹಾಲಿಂಗಪ್ಪ ಕೆಟ್ಟವರಲ್ಲ, ಗಟ್ಟಿ ಆಸಾಮಿ ಅಷ್ಟೇ. "ಗೂಡಿದ್ರೆ ಮಿಷಿನ್‌ನ ನಾನೇ ವಾಪಸ್ ಕಳಿಸ್ತೀನಿ. ಆದ್ರೆ ಒಂದೇ ಫೋಟೋದಲ್ಲಿ ಮರಿಗಳೂ ಕಾಣ್ಬೇಕು, ಏಳನೇ ಕಲ್ಲೂ ಕಾಣ್ಬೇಕು, ಕಲ್ಲಿನ ನಂಬರ್ ಓದೋಕಾಗ್ಬೇಕು. ಹೋದ ಸಲ ಯಾರೋ ಬೇರೆ ಕೆರೆ ಫೋಟೋ ತಂದುಕೊಟ್ಟು ನಮ್ಮ ಮುಖಕ್ಕೆ ಮಸಿ ಬಳಿದ್ರು."

ಏಳನೇ ಕಲ್ಲೆಂದರೆ, ಕೆರೆ ಒಣಗಿದ್ದ ಕಾಲದಲ್ಲಿ ಸರ್ವೆಯವರು ನೆಟ್ಟು ನಂಬರ್ ಬರೆದಿದ್ದ ಅಳತೆಗಲ್ಲು. ಈಗ ಅದರ ಸುತ್ತ ನೀರು, ನೀರಿನ ಸುತ್ತ ಜೊಂಡು. ಗೂಡು ಅದರ ಮಗ್ಗುಲಲ್ಲೇ ಇದೆಯೆಂದು ಗೋಪಾಲಮ್ಮನ ಮಾತು.

ಹೀಗೆ ನಾಲ್ಕು ಜನರ ದಂಡು ಹೊರಟಿತು. ದಾರಿ ತೋರಿಸಲು ಗೋಪಾಲಮ್ಮ. ಹಕ್ಕಿಗೆ ತೊಂದರೆಯಾಗದಂತೆ ನೋಡಿಕೊಳ್ಳಲು ಶಿವಪ್ರಕಾಶ. ಕಲಬುರಗಿ ಕಡೆಯವನು, ಯಲಹಂಕದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಫೋಟೋಗೆ ಆರ್.ಟಿ. ನಗರದ ಖುದ್ದೂಸ್ ಸಾಹೇಬರು, ಇಪ್ಪತ್ತೆಂಟು ವರ್ಷ ಪತ್ರಿಕೆಯೊಂದರ ಛಾಯಾಗ್ರಾಹಕರಾಗಿದ್ದು ನಿವೃತ್ತರಾದವರು. ಜೊತೆಗೆ ಅವರ ಮಗಳು ಲುಬ್ನಾ. ಯಶವಂತಪುರದ ಒಂದು ಲ್ಯಾಬಿನಲ್ಲಿ ಅವಳಿಗೆ ಕೆಲಸ.

ಕ್ಯಾಮೆರಾಗಳೂ ಎರಡು. ಸಾಹೇಬರದು ಮಳೆನೀರಿಗೂ ಜಗ್ಗದ, ಇಪ್ಪತ್ತು ವರ್ಷದ ಹಳೆಯ ಪತ್ರಿಕಾ ಕ್ಯಾಮೆರಾ. ಲೆನ್ಸೂ ಸೇರಿ ನಾಲ್ಕು ಕೆಜಿ. ಹೆಸರು ಪೈಲ್ವಾನ್. ಲುಬ್ನಾಳದು ಹೋದ ವರ್ಷ ಕೊಂಡದ್ದು, ಅಂಗೈಯಲ್ಲಿ ಹಿಡಿಸುವಷ್ಟು. ಹೆಸರು ಚೋಟು.

"ಅಬ್ಬಾ, ಪೈಲ್ವಾನ್‌ದು ಎಂಟೇ ಎಂಟು ಮೆಗಾಪಿಕ್ಸೆಲ್. ನನ್ನದು ಇಪ್ಪತ್ತು," ಎಂದು ಲುಬ್ನಾ ತಂದೆಯನ್ನು ಕೆಣಕಿದಳು.

"ಕಣ್ಣು ದೊಡ್ಡದಿರ್ಬೇಕು ಬೇಟಾ. ನಿನ್ನದು ಸೋಪಿನ ಡಬ್ಬಿ."

"ನಿಮ್ಮದು ಪ್ರೆಶರ್ ಕುಕ್ಕರ್!"

ಗೋಪಾಲಮ್ಮ ಎರಡನ್ನೂ ಎರಡು ಕೈಯಲ್ಲಿ ಎತ್ತಿ ನೋಡಿದರು. "ಇದು ಒಂದು ಮೊರ ರಾಗಿ, ಇದು ಒಂದು ಈರುಳ್ಳಿ. ಎರಡೂ ಬೇಕಾಯ್ತವೆ. ಓಗಣ ನಡೀರಿ ಸಾಬ್ರೇ."

ಸಾಮಾನು ತೆಪ್ಪದ ಮೇಲೆ, ಜನ ನೀರಿನಲ್ಲಿ. ಮೊದಲು ಮೊಣಕಾಲು, ಆಮೇಲೆ ಸೊಂಟ. ಜೊಂಡಿನೊಳಗೆ ಹೆಜ್ಜೆಯಿಟ್ಟದ್ದೇ ತಡ, ಬೆಂಗಳೂರು ಹಿಂದೆ ಉಳಿಯಿತು. ಏರಿಯಾಚೆಯ ಅಪಾರ್ಟ್‌ಮೆಂಟುಗಳ ತುದಿ ಕಾಣೆಯಾಯಿತು. ತಲೆಯ ಮೇಲೆ ಒಂದು ಗೇಣು ಆಕಾಶ, ಎರಡೂ ಬದಿಗೆ ಕಂದು ಕದಿರಿನ ಹಸಿರು ಗೋಡೆ, ಕಾಲಡಿಗೆ ಬೆಣ್ಣೆಯಂಥ ಕೆಸರು. ಗೋಪಾಲಮ್ಮ ಕುಡುಗೋಲಿನಿಂದ ದಾರಿ ಬಿಡಿಸುತ್ತಾ ಮುಂದೆ ಹೋಗುತ್ತಿದ್ದರು. ನೀರುಕೋಳಿಯೊಂದು ಬೈದುಕೊಂಡು ಓಡಿತು. ಐದೈದು ನಿಮಿಷಕ್ಕೊಮ್ಮೆ ದೇವನಹಳ್ಳಿಯಿಂದೆದ್ದ ವಿಮಾನ ಜೊಂಡನ್ನೆಲ್ಲ ಅದುರಿಸಿಕೊಂಡು ಮೇಲೆ ಹಾದುಹೋಗುತ್ತಿತ್ತು. ಅದು ಹೋದಮೇಲೆ ಮತ್ತೆ ನೀರಿನ ಸದ್ದು ಮಾತ್ರ.

ಪೈಲ್ವಾನನನ್ನು ತೆಪ್ಪಕ್ಕೆ ಕೊಡಲು ಸಾಹೇಬರು ಒಪ್ಪಿರಲಿಲ್ಲ. ಕೊರಳಿಗೆ ನೇತುಹಾಕಿಕೊಂಡು ಕೊನೆಯಲ್ಲಿ ಬರುತ್ತಿದ್ದರು. ಹೆಜ್ಜೆಗೊಮ್ಮೆ ಮೆಲ್ಲಗೆ "ಯಾ ಅಲ್ಲಾ" ಎನ್ನುತ್ತಿದ್ದರು.

ಗೋಪಾಲಮ್ಮ ತಟ್ಟನೆ ಬಲಕ್ಕೆ ಹೊರಳಿ ಕೂಗಿದರು. "ಅಳ್ಳ! ಅಳ್ಳ!"

ಸಾಹೇಬರ ಕಣ್ಣು ತುಂಬಿಬಂತು. ಎಂಥಾ ಹೆಂಗಸು! ತನ್ನ ಕಷ್ಟ ನೋಡಿ ತನ್ನ ದೇವರನ್ನೇ ಕರೆಯುತ್ತಿದ್ದಾಳೆ! ಸಂತೋಷದಿಂದ ನೆಟ್ಟಗೆ ಒಂದು ಹೆಜ್ಜೆ ಮುಂದಿಟ್ಟರು.

ಗುಳುಂ.

ನೀರಿನ ಮೇಲೆ ಉಳಿದದ್ದು ಎರಡು ಕೈ.

"ಅಬ್ಬಾ!" ಲುಬ್ನಾ ಚೀರಿದಳು.

ಶಿವಪ್ರಕಾಶ ಒಂದು ಕೈ ಹಿಡಿದ. ಗೋಪಾಲಮ್ಮ ಬಿದಿರಿನ ಗಳ ಚಾಚಿದರು. ಕೆಸರು ಬಿಡಲಿಲ್ಲ. ಇನ್ನೊಮ್ಮೆ ಎಳೆದರು. ಸಾಹೇಬರು ಕೆಮ್ಮುತ್ತಾ ಮೇಲೆ ಬಂದರು. ಕೊರಳಲ್ಲಿ ಪೈಲ್ವಾನ್ ನೀರು ಸುರಿಸುತ್ತಿತ್ತು.

"ಅಳ್ಳ ಅಳ್ಳ ಅಂತ ಬಡ್ಕತಾ ಇದ್ರೆ ಅದ್ರಾಗೇ ಕಾಲಿಕ್ಕಿದ್ರಲ್ಲ ಸಾಬ್ರೇ! ಮಣ್ಣು ತೆಗೆದಿರೋ ಅಳ್ಳ ಅದು, ಎರಡಾಳು ಆಳ!"

ಸಾಹೇಬರಿಗೆ ಆಗ ಅರ್ಥವಾಯಿತು. "ಹಳ್ಳಾನಾ? ನಾನು ನೀವು ಅಲ್ಲಾನ ನೆನೀತಿದ್ದೀರಿ ಅಂದ್ಕೊಂಡೆ!"

ಶಿವಪ್ರಕಾಶ ಮುಖ ಒರೆಸಿಕೊಂಡ. "ನಾ ಜೋಳದ ಅಳ್ಳು ಅಂತ ತಿಳ್ಕೊಂಡಿದ್ನಿರೀ. ಮುಂಜಾನಿಯಿಂದ ಹೊಟ್ಟಿ ಹಸದದ, ತಿನ್ನಾಕ ಏನರ ತಂದಾರ ಅಂತ ಖುಷಿ ಆಗಿತ್ರಿ."

ನಾಲ್ವರೂ ಸೊಂಟಮಟ್ಟದ ನೀರಿನಲ್ಲಿ ನಿಂತು ನಕ್ಕರು. ಸಾಹೇಬರು ನಗುತ್ತಲೇ ಪೈಲ್ವಾನನ ಕೆಸರು ಒರೆಸಿ ಗುಂಡಿ ಒತ್ತಿದರು. ಖಟಕ್! ಅವರ ಎದೆ ಒಂದು ಗೇಣು ಉಬ್ಬಿತು.

"ಕೇಳ್ದಾ? ನಿನ್ನ ಚೋಟು ಆಗಿದ್ರೆ ಇಷ್ಟೊತ್ತಿಗೆ ಸತ್ತು ಜನಾಜಾ ಎತ್ಬೇಕಿತ್ತು."

ಲುಬ್ನಾ ಅಪ್ಪನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಒಂಬತ್ತೂಕಾಲಿಗೆ ಜೊಂಡು ಬಿಡಿಯಾಯಿತು. ನೀರಿನಡಿಯಲ್ಲಿ ಅಗಲವಾದ ಹಾಸುಬಂಡೆ. ಅದರ ಮೇಲೆ ನಿಂತರೆ ನೀರು ಮೊಣಕಾಲಿಗೆ. ಗೋಪಾಲಮ್ಮ ತುಟಿಯ ಮೇಲೆ ಬೆರಳಿಟ್ಟು ಇನ್ನೊಂದು ಕೈ ತೋರಿಸಿದರು.

ಇಪ್ಪತ್ತು ಮೀಟರ್ ಆಚೆ ಬಾಗಿದ ಜೊಂಡಿನ ಮೇಲೆ ಕಡ್ಡಿಯ ಹಾಸಿಗೆ. ಅದರಲ್ಲಿ ಕೆದರಿದ ಕೂದಲಿನ ಮೂರು ತಲೆಗಳು. ಗೂಡಿನ ಎರಡು ಮಾರು ಹಿಂದೆ ಓರೆಯಾಗಿ ನಿಂತ ಬೂದು ಕಲ್ಲು.

"ನೇರಳೆ ಬಕ ರೀ!" ಶಿವಪ್ರಕಾಶ ಪಿಸುಗುಟ್ಟಿದ. "ಅಮ್ಮಾರ ಮಾತು ಖರೇ ಅದ. ಇದಕ್ಕಿಂತ ಮುಂದ ಹೋಗೂದು ಬ್ಯಾಡ್ರಿ. ತಾಯಿ ಹೆದರಿ ಗೂಡು ಬಿಟ್ರ ಮರಿಗಳನ್ನ ಹದ್ದು ಬಿಡಂಗಿಲ್ಲ."

ಗೋಪಾಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಸಾಹೇಬರು ಪೈಲ್ವಾನನನ್ನು ಎತ್ತಿದರು. ಆದರೆ ಒತ್ತಲಿಲ್ಲ, ಕಾದರು. ಪೈಲ್ವಾನನ ಖಟಕ್ ಸದ್ದಿಗೆ ಮದುವೆ ಮನೆಯ ಮಕ್ಕಳೇ ಬೆಚ್ಚುತ್ತಿದ್ದವು, ಹಕ್ಕಿಮರಿಯ ಪಾಡೇನು? ದೂರದಲ್ಲಿ ಗುಡುಗು ಎದ್ದಿತು. ವಿಮಾನ ನೆತ್ತಿಯ ಮೇಲೆ ಬಂದ ಗಳಿಗೆ ನಾಲ್ಕು ಸಲ ಒತ್ತಿದರು. ಮರಿಗಳು ಅಲುಗಲಿಲ್ಲ.

ಹಿಂಬದಿಯ ಪುಟ್ಟ ಪರದೆಯಲ್ಲಿ ಮರಿಯ ಕೊಕ್ಕಿನ ತುದಿಯ ಹನಿಯೂ ಕಾಣುತ್ತಿತ್ತು. ಹಿನ್ನೆಲೆ ಹಾಲಿನಲ್ಲಿ ಕಲಸಿದಂತೆ ಮೃದು.

"ಸೂಪರ್ ಅಬ್ಬಾ," ಎಂದಳು ಲುಬ್ನಾ. "ಕಲ್ಲೆಲ್ಲಿ?"

ಕಲ್ಲು ಇರಲಿಲ್ಲ. ಇದ್ದದ್ದು ಬೂದು ಬಣ್ಣದ ಒಂದು ಮಸುಕು. ದೊಡ್ಡ ಕಣ್ಣಿನ ದೊಡ್ಡ ಗುಣ ಅದೇ: ನೋಡಿದ್ದನ್ನು ಮಾತ್ರ ನೋಡುತ್ತದೆ, ಉಳಿದದ್ದನ್ನು ಕರಗಿಸಿಬಿಡುತ್ತದೆ. ಇಪ್ಪತ್ತು ವರ್ಷ ಜನ ಮೆಚ್ಚಿದ್ದು ಆ ಗುಣವನ್ನೇ. ಇವತ್ತು ಅದೇ ಮುಳುವಾಗಿತ್ತು. ಸಾಹೇಬರು ಲೆನ್ಸಿನ ಬಾಯಿ ಕಿರಿದು ಮಾಡಿ ನೋಡಿದರು. ಮಂಜಿನ ಬೆಳಕು ಸಾಲದೆ ಚಿತ್ರ ಕಪ್ಪಾಯಿತು, ಅಲುಗಿತು. ಮೂರು ವಿಮಾನ ವ್ಯರ್ಥವಾದವು.

ಅವರು ಮಗಳ ಕಡೆ ತಿರುಗಿದರು. "ಸಣ್ಣ ಕಣ್ಣಿಗೆ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಕಾಣುತ್ತೆ. ಇದು ಪೈಲ್ವಾನ್ ಕೈಲಾಗಲ್ಲ ಬೇಟಾ. ಚೋಟು ತೆಗಿ."

ಚೋಟು ಸದ್ದಿಲ್ಲದೆ ಕೆಲಸ ಶುರುಮಾಡಿತು. ಆದರೆ ಅದಕ್ಕೆ ಅದರದೇ ಹಟ. ಪ್ರತಿ ಸಲವೂ ಮುಂದಿನ ಒಂದು ಜೊಂಡಿನ ಎಲೆಯನ್ನೇ ಹಿಡಿದು, ಗೂಡನ್ನು ಬಿಟ್ಟುಬಿಡುತ್ತಿತ್ತು. ತೆಪ್ಪದಿಂದ ತಂದು ಬಂಡೆಯ ಮೇಲೆ ನಿಲ್ಲಿಸಿದ್ದ ಹಗುರ ಮೂರುಕಾಲಿನ ಸ್ಟ್ಯಾಂಡ್ ಗಾಳಿಗೆ ನಡುಗುತ್ತಿತ್ತು. ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಕೆಂಪು ಚುಕ್ಕೆ ಮಿನುಗಿತು.

"ಅಯ್ಯೋ, ಚಾರ್ಜ್ ಮುಗೀತಿದೆ!" ಜಕ್ಕೂರಿನಿಂದ ಇಲ್ಲಿಯವರೆಗೆ ಅವಳು ದಾರಿಯುದ್ದಕ್ಕೂ ವಿಡಿಯೋ ಮಾಡಿಕೊಂಡು ಬಂದಿದ್ದಳು.

"ಇನ್ನೊಂದು ಬ್ಯಾಟರಿ?"

"ಮನೇಲಿ, ಚಾರ್ಜರ್‌ನಲ್ಲೇ ಇದೆ ಅಬ್ಬಾ."

ಏರಿಯ ಕಡೆಯಿಂದ ಸದ್ದು ಕೇಳಿತು. ಜೆಸಿಬಿಯ ಎಂಜಿನ್. ಹತ್ತು ಗಂಟೆ ಐದು ನಿಮಿಷ.

ಸಾಹೇಬರು ಬೈಯಲಿಲ್ಲ. ಪೈಲ್ವಾನನನ್ನು ಕೊರಳಿಂದ ತೆಗೆದು ಸ್ಟ್ಯಾಂಡಿನ ನಡುವಿನ ಕೊಕ್ಕೆಗೆ ನೇತುಹಾಕಿದರು. ನಾಲ್ಕು ಕೆಜಿ ಭಾರಕ್ಕೆ ಸ್ಟ್ಯಾಂಡ್ ಬಂಡೆ ಕಚ್ಚಿ ನಿಂತಿತು.

"ಅದೇ ಫೋಕಸ್ ಮಾಡೋದು ನಕ್ಕೋ, ಬೇಡ. ಕೈಯಲ್ಲಿ ತಿರುಗಿಸೋದು ಎಲ್ಲಿದೆ ಇದ್ರಲ್ಲಿ?"

ಲುಬ್ನಾ ಎರಡು ಗುಂಡಿ ಒತ್ತಿದಳು. "ಲೆನ್ಸಿನ ಈ ಬಳೆ ತಿರುಗ್ಸಿ."

"ಜೂಮ್ ಸ್ವಲ್ಪ ಕಮ್ಮಿ ಮಾಡು. ಸಾಕು." ಸಾಹೇಬರ ಕೆಸರು ಬೆರಳು ಬಳೆಯ ಮೇಲೆ ಕೂದಲೆಳೆಯಷ್ಟು ಸರಿಯಿತು. ಮರಿಗಳ ಮೇಲೂ ನಿಲ್ಲಲಿಲ್ಲ, ಕಲ್ಲಿನ ಮೇಲೂ ನಿಲ್ಲಲಿಲ್ಲ. "ಎರಡರ ನಡುವೆ ನಿಲ್ಲಿಸ್ಬೇಕು. ಆಗ ಇಬ್ರೂ ಸಿಗ್ತಾರೆ." ಉಸಿರು ಬಿಗಿಹಿಡಿದರು. ಗಾಳಿ ಒಂದು ಕ್ಷಣ ನಿಂತಿತು.

ಒತ್ತಿದರು.

ಲುಬ್ನಾ ಚಿತ್ರ ಹಿಗ್ಗಿಸಿದಳು. ಒಂದು, ಎರಡು, ಮೂರು ಮರಿ. ಹಿಂದೆ ಕಲ್ಲು. ಕಲ್ಲಿನ ಮೇಲೆ ಪಾಚಿಯ ನಡುವೆ ಮಾಸಿದ ಬಿಳಿ ಬಣ್ಣದಲ್ಲಿ ೭. ಮರುಕ್ಷಣ ಪರದೆ ಕಪ್ಪಾಯಿತು. ಚೋಟು ಕಣ್ಣು ಮುಚ್ಚಿತ್ತು.

"ಸಿಕ್ತು!" ಎಂದು ಶಿವಪ್ರಕಾಶ ಬಾಯಿ ತೆರೆಯುವಷ್ಟರಲ್ಲಿ ಗೋಪಾಲಮ್ಮ ಅವನ ಬಾಯಿ ಮುಚ್ಚಿದರು. ಜೊಂಡಿನ ಮೇಲಿಂದ ತಾಯಿಹಕ್ಕಿ ಬರುತ್ತಿತ್ತು.

ಸಾಹೇಬರು ಚೋಟುವನ್ನು ಬಿಚ್ಚುತ್ತಿದ್ದರು, ಎರಡು ಕೈಯೂ ಕೆಲಸದಲ್ಲಿ. "ಲುಬ್ನಾ, ಪೈಲ್ವಾನ್ ತಗೋ! ವಿಮಾನ ಬರ್ಲಿ, ಆಗ ಒತ್ತು!"

ಅವಳು ಕೊಕ್ಕೆಯಿಂದ ಕ್ಯಾಮೆರಾ ಕಿತ್ತು ಎದೆಗಾನಿಸಿಕೊಂಡಳು. ತೋಳು ಸೋತು ಬಂತು. ಹಕ್ಕಿ ಕಾಲು ಇಳಿಬಿಟ್ಟು ರೆಕ್ಕೆ ಅಗಲಿಸಿತು. ವಿಮಾನದ ಸದ್ದು ಇನ್ನೂ ದೂರ. ಅವಳು ಕಾದಳು. ಮರಿಗಳು ಕೊಕ್ಕು ತೆರೆದವು. ಜೊಂಡು ಅದುರಿತು.

ಖಟಕ್, ಖಟಕ್, ಖಟಕ್.

ವಾಪಸು ದಾರಿ ನಡಿಗೆಯಲ್ಲ, ಓಟ. ಕೆಸರಿನಲ್ಲಿ ಓಟವೆಂದರೆ ಬಿದ್ದು ಏಳುವುದು. ಹಳ್ಳದ ಹತ್ತಿರ ಗೋಪಾಲಮ್ಮ ಮತ್ತೆ "ಅಳ್ಳ!" ಎಂದರು, ಈ ಸಲ ಮೂವರೂ ಅವರ ಹಿಂದೆಯೇ ಹೊರಳಿದರು. ಲುಬ್ನಾಳ ಮೊಣಕೈ ಜೊಂಡಿಗೆ ಸಿಕ್ಕಿ ತರಚಿತು. ಪೈಲ್ವಾನನನ್ನು ಅವಳು ತೆಪ್ಪಕ್ಕೆ ಕೊಡಲಿಲ್ಲ.

ಜೊಂಡಿನಿಂದ ಹೊರಬಿದ್ದಾಗ ಜೆಸಿಬಿ ಏರಿ ಇಳಿದು ನೀರಿನಂಚಿಗೆ ಬಂದಿತ್ತು. ಅದರ ಕೈ ಮೇಲೆದ್ದಿತ್ತು.

"ನಿಲ್ಸಪ್ಪೋ!" ಗೋಪಾಲಮ್ಮ ಗಳ ಎತ್ತಿ ಯಂತ್ರದ ಮುಂದೆ ನಿಂತರು.

ಹನ್ನೊಂದಕ್ಕೆ ಇನ್ನೂ ನಾಲ್ಕು ನಿಮಿಷವಿತ್ತು. ಶಿವಪ್ರಕಾಶ ತನ್ನ ಕಾರಿನ ಬಾನೆಟ್ ಮೇಲೆ ಲ್ಯಾಪ್‌ಟಾಪ್ ತೆರೆದು ಚೋಟುವಿನ ಕಾರ್ಡ್ ಹಾಕಿದ. ಮಹಾಲಿಂಗಪ್ಪ ಕನ್ನಡಕ ಏರಿಸಿ ಬಾಗಿದರು. ಮರಿಗಳನ್ನು ಎಣಿಸಿದರು. ಕಲ್ಲನ್ನು ಹಿಗ್ಗಿಸಿದರು. ಇನ್ನಷ್ಟು ಹಿಗ್ಗಿಸಿದರು. ಆಮೇಲೆ ನೆಟ್ಟಗಾಗಿ ಡ್ರೈವರ್ ಕಡೆ ಕೈಬೀಸಿದರು.

"ಆಫ್ ಮಾಡಪ್ಪ. ಮರಿ ಹಾರೋವರ್ಗೂ ಕೆಲ್ಸ ಇಲ್ಲ."

ಎಂಜಿನ್ ನಿಂತಿತು. ಏರಿಯ ಮೇಲೆ ನೆರೆದಿದ್ದ ಜನರಲ್ಲಿ ಯಾರೂ ನಗಲಿಲ್ಲ. ಮಹಾಲಿಂಗಪ್ಪ ಎಲ್ಲರಿಗೂ ಕೇಳುವಂತೆ ಹೇಳಿದರು: "ಗೋಪಾಲಮ್ಮ, ತಪ್ಪಾಯ್ತಮ್ಮ. ನಿಮ್ಮ ಮಾತು ನಂಬಬೇಕಿತ್ತು."

"ಅದ್ಯಾಕ್ ಬುಡಿ," ಎಂದರು ಗೋಪಾಲಮ್ಮ. ಆದರೆ ತಲೆ ಎತ್ತಿಯೇ ಎಂದರು. ಕುಟುಕಿದವನ ಕಡೆ ಒಂದು ಸಲ ನೋಡಲೂ ಮರೆಯಲಿಲ್ಲ.

"ಅಂಗೇ, ಆ ಅಳ್ಳದತ್ರ ಒಂದು ಬೋರ್ಡು ಆಕ್ಸಿ," ಎಂದೂ ಸೇರಿಸಿದರು. "ಸಾಬ್ರಿಗೆ ತಿಳಿಯಂಗೆ ದೊಡ್ಡಕ್ಷರದಾಗೆ ಬರ್ಸಿ."

ಪೈಲ್ವಾನನ ದಪ್ಪ ಹಳೆಯ ಕಾರ್ಡು ಮಾತ್ರ ಆ ಲ್ಯಾಪ್‌ಟಾಪಿಗೆ ಹೋಗಲಿಲ್ಲ. ಅದನ್ನು ಓದುವ ಡಬ್ಬಿ ಆರ್.ಟಿ. ನಗರದ ಮನೆಯಲ್ಲಿ, ಬಿಸ್ಕತ್ತಿನ ಟಿನ್ನಿನೊಳಗಿತ್ತು. ಮಧ್ಯಾಹ್ನ ಸ್ನಾನ ಮುಗಿಸಿ ತಂದೆ ಮಗಳು ಕಂಪ್ಯೂಟರ್ ಮುಂದೆ ಕೂತರು. ಮೊದಲ ಚಿತ್ರದಲ್ಲಿ ಹಕ್ಕಿಯ ಬಾಲ ಕತ್ತರಿಸಿತ್ತು. ಎರಡನೆಯದು ಅಲುಗಿತ್ತು. ಮೂರನೆಯದು ಪರದೆ ತುಂಬಿತು: ಅಗಲಿಸಿದ ನೇರಳೆ ರೆಕ್ಕೆ, ಬಾಗಿದ ಕತ್ತು, ತೆರೆದ ಮೂರು ಕೊಕ್ಕು, ಹಿಂದೆ ಹಾಲಿನಂಥ ಬೆಳಕು.

ಸಾಹೇಬರು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು. ಇಪ್ಪತ್ತು ವರ್ಷದಲ್ಲಿ ಪೈಲ್ವಾನ್ ಇಂಥ ಚಿತ್ರ ಅವರಿಗೇ ಕೊಟ್ಟಿರಲಿಲ್ಲ.

ಸಮಿತಿ ಫೋಟೋಗಳನ್ನು ಕಳಿಸಲು ಹೇಳಿತ್ತು, ತೆಗೆದವರ ಹೆಸರಿನ ಸಮೇತ. ಲುಬ್ನಾ ಕಲ್ಲಿನ ಫೋಟೋದಡಿ 'ಚಿತ್ರ: ಖುದ್ದೂಸ್' ಎಂದು ಟೈಪ್ ಮಾಡಿದಳು. ಆಮೇಲೆ ಅಭ್ಯಾಸಬಲದಿಂದ ಹಕ್ಕಿಯ ಫೋಟೋದಡಿಯೂ ಅದನ್ನೇ ಹಾಕಹೊರಟಳು.

"ಸ್ವಲ್ಪ ಆಚೆ ಸರಿ," ಎಂದು ಸಾಹೇಬರು ಕೀಬೋರ್ಡ್ ತಮ್ಮ ಕಡೆ ಎಳೆದುಕೊಂಡರು. ಒಂದೇ ಬೆರಳಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಪೈಲ್ವಾನ್ ತೆಗೆದ ಚಿತ್ರದ ಕೆಳಗೆ ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿ ಬೇರೆ ಹೆಸರು ಬಿತ್ತು.

ಚಿತ್ರ: ಲುಬ್ನಾ.

ಅದನ್ನು ಗಟ್ಟಿಯಾಗಿ ಒಮ್ಮೆ ಓದಿ, ಹೆಮ್ಮೆಯಿಂದ ತಲೆದೂಗಿ, ಅವರು ಚಹಾಕ್ಕೆ ನೀರಿಡಲು ಎದ್ದರು.