ಖಾಲಿ ಗಾಜಿನ ಸಾಕ್ಷಿ

ಮುರಿದ ಬೀಗವನ್ನು ಭುವನಾ ಕಲ್ಲೂರ ಚಿಮಟದಿಂದ ಎತ್ತಿ ಸ್ಪರ್ಶಲೇಖಿಯ ಬಾಯಿಗಿಟ್ಟಳು. ಯಂತ್ರ ಒಮ್ಮೆ ಉಸಿರೆಳೆದುಕೊಂಡಿತು. ನಲವತ್ತು ಸೆಕೆಂಡಿನಲ್ಲಿ ಬೀಗ ಮುಟ್ಟಿದವರೆಲ್ಲ ಪರದೆಯ ಮೇಲೆ ಬಂದು ನಿಂತರು: ಮನೆಯ ಯಜಮಾನ, ಅವನ ಹೆಂಡತಿ, ಅನಾಮಿಕ ೬೩, ಮತ್ತು ಎಂದಿನಂತೆ ಅನಾಮಿಕ ೪೧.

ಮನುಷ್ಯ ಏನನ್ನು ಮುಟ್ಟಿದರೂ ಅಲ್ಲಿ ಅವನ ಚರ್ಮದ ಕಣಗಳು ಉಳಿಯುತ್ತವೆ. ಸ್ಪರ್ಶಲೇಖಿ ಅವನ್ನು ಗಾಳಿಯೊಡನೆ ಹೀರಿ, ಕಣಜಾಲರಿಯಲ್ಲಿ ಸೋಸಿ, ಪ್ರತಿ ಕಣದ ವಂಶಲಿಪಿಯನ್ನು ಓದುತ್ತದೆ. ತನ್ನ ಬಳಿ ಮಾದರಿ ಇದ್ದವರ ಹೆಸರು ಹೇಳುತ್ತದೆ, ಇಲ್ಲದವರಿಗೆ ಒಂದು ಸಂಖ್ಯೆ ಕೊಡುತ್ತದೆ. ಇಡೀ ಜಿಲ್ಲೆಗೆ ಇದ್ದದ್ದು ಇದೊಂದೇ. ಧಾರವಾಡ ಸೀಮೆಯ ಈ ಪದವಿ ಕಾಲೇಜಿನ ವಿಧಿವಿಜ್ಞಾನ ವಿಭಾಗಕ್ಕೆ ಅದು ಬಂದು ಎರಡು ವರ್ಷವಾಗಿತ್ತು.

ಅನಾಮಿಕ ೪೧ ಏಳು ತಿಂಗಳಲ್ಲಿ ಹದಿನಾಲ್ಕು ಮನೆಗಳ ಕಳವಿನಲ್ಲಿ ಕಾಣಿಸಿಕೊಂಡಿದ್ದ. ಪೊಲೀಸರು ಅವನನ್ನು ಗಾಳಿಕಳ್ಳ ಎಂದು ಕರೆದು, ಉಳಿದ ಅನಾಮಿಕರನ್ನು ತಿರುಗಿಯೂ ನೋಡದೆ ಅವನ ಬೆನ್ನು ಹತ್ತಿದ್ದರು. ಅವನಿಗೊಂದು ಹೆಸರು ಹುಡುಕುವುದೇ ಅಂತಿಮ ವರ್ಷದ ಭುವನಾಳ ಪ್ರಬಂಧ. ಹುಡುಕಿದರೆ ಚಿನ್ನದ ಪದಕ ಕಟ್ಟಿಟ್ಟ ಬುತ್ತಿ ಎಂದಿದ್ದರು ಪ್ರಾಧ್ಯಾಪಕ ಇಂದುಧರ ಹಂಚಿನಮನಿ.

ಹುಡುಗಿ ಶಿಸ್ತಿನವಳು. ಮೊದಲು ವಿಭಾಗದವರನ್ನೇ ಸಂಶಯದಿಂದ ಹೊರಗಿಡಬೇಕೆಂದು ಎಲ್ಲರ ಮಾದರಿ ತೆಗೆದುಕೊಂಡಳು. ಮಾದರಿ ದಾಖಲಿಸುವಾಗ ಯಂತ್ರ ಅತಿ ಹೆಚ್ಚು ಕಣಗಳಿರುವ ಒಬ್ಬರನ್ನಷ್ಟೇ ಎಣಿಸುತ್ತದೆ. ಕೊನೆಗೆ ಬಂದವನು ಅಟೆಂಡರ್ ಗುರುಪಾದಪ್ಪ. ಮೂವತ್ತೊಂದು ವರ್ಷ ಇಲ್ಲಿನ ಗಾಜು, ಮೇಜು, ಕಪಾಟು ಒರೆಸಿದವನು. ಮೊದಲ ಸೆಮಿಸ್ಟರಿನಲ್ಲಿ ಬೆರಳಚ್ಚಿನ ಪುಡಿಯ ಕುಂಚ ಹಿಡಿಯಲು ಬಾರದೆ ಅತ್ತಿದ್ದ ಭುವನಾಗೆ, ಉಸಿರು ಬಿಗಿಹಿಡಿದು ಹಗುರಾಗಿ ತಿರುಗಿಸಬೇಕೆಂದು ಕಲಿಸಿದ್ದೂ ಅವನೇ. ಅವನು ನಗುತ್ತ ಗಾಜಿನ ಪಟ್ಟಿಗೆ ಹೆಬ್ಬೆರಳು ಒತ್ತಿದ. ಪರದೆಯ ಮೇಲೆ ಅಕ್ಷರ ಮೂಡಿತು: ಅನಾಮಿಕ ೪೧ ಎಂದರೆ ಗುರುಪಾದಪ್ಪ.

ಅಂದು ಸಂಜೆಯೇ ಪೊಲೀಸರು ಅವನನ್ನು ಕರೆದೊಯ್ದರು. ನಿವೃತ್ತಿಗೆ ಎರಡು ತಿಂಗಳಿತ್ತು. ಅವನ ಓಣಿಯ ಬಾಯಿಗಳು ಪೊಲೀಸರಿಗಿಂತ ಚುರುಕು, ಕಳ್ಳ ಗುರುಪಾದ ಎಂಬ ಹೆಸರು ಆಗಲೇ ಹಬ್ಬಿತ್ತು. ಯಂತ್ರದೊಳಗೇ ಅವನ ಕಣ ಸೇರಿರಬಹುದೇ ಎಂದು ಭುವನಾ ಕೇಳಿದಳು. ಯಂತ್ರದ ಕೋಣೆ ಅಧ್ಯಾಪಕರ, ಅಂತಿಮ ವರ್ಷದ ವಿದ್ಯಾರ್ಥಿಗಳ ಸ್ಪರ್ಶಕ್ಕೆ ಮಾತ್ರ ತೆರೆಯುತ್ತದೆ, ಅವನು ಒಳಗೆ ಬರುವುದೇ ಸಾಧ್ಯವಿಲ್ಲ ಎಂದರು ಪ್ರಾಧ್ಯಾಪಕರು.

"ಯಂತ್ರಕ್ಕ ಯಾರ ಮ್ಯಾಲೂ ಸಿಟ್ಟಿಲ್ಲ, ಯಾರ ಮ್ಯಾಲೂ ಮಮತಾ ಇಲ್ಲ. ಅದು ಸುಳ್ಳು ಯಾಕ ಹೇಳತೈತಿ?" ಎಂದು ಅವರೇ ತಿರುಗಿ ಕೇಳಿದರು.

ಮರುದಿನ ಬೆಳಿಗ್ಗೆ ಭುವನಾ ರೊಟ್ಟಿ ಕಟ್ಟಿಕೊಂಡು ಠಾಣೆಗೆ ಹೋದಳು. ಗುರುಪಾದಪ್ಪ ಬುತ್ತಿ ಬಿಚ್ಚಲಿಲ್ಲ. ಅವಳನ್ನು ಕಂಡು ಅವನಿಗೇ ನಾಚಿಕೆ.

"ಯವ್ವಾ, ನಾ ಆ ಯಂತ್ರಾನ ಒಮ್ಮೆ ಮುಟ್ಟೇನಿ. ಖಂಡೆಪೂಜೆ ದಿನ. ಹಂಚಿನಮನಿ ಸಾಹೇಬ್ರೇ ಬಾಗಿಲಾ ತಗದು, ಇದಕ್ಕೂ ಹಚ್ಚಪಾ ಅಂದ್ರು. ಇಭೂತಿ ಹಚ್ಚಿದೆ."

"ಪೊಲೀಸ್ರಿಗೆ ಯಾಕ ಹೇಳಲಿಲ್ಲ, ಕಾಕಾ?"

"ಸಾಹೇಬ್ರ ಹೆಸರು ಬರ್ತೈತಿ."

ಭುವನಾಗೆ ಏಳು ತಿಂಗಳ ಹಿಂದಿನ ಆ ದಿನ ನೆನಪಾಯಿತು. ತಾನೂ ಅಲ್ಲೇ ನಿಂತು ಚುರಮುರಿ ತಿಂದಿದ್ದಳು. ಮಹಾನವಮಿಗೆ ಈ ಸೀಮೆಯಲ್ಲಿ ಬಸ್ಸಿಗೆ, ಹೊಲ ಉಳುವ ರಂಟೆಗೆ, ಕಂಪ್ಯೂಟರಿಗೆ ಎಲ್ಲಕ್ಕೂ ಪೂಜೆ, ಸ್ಪರ್ಶಲೇಖಿ ಏನು ಪಾಪ ಮಾಡಿತ್ತು? ಗುರುಪಾದಪ್ಪ ಅಂಗೈಯಲ್ಲಿ ವಿಭೂತಿ ಕಲಸಿ ಅದರ ಹಣೆಗೆ ಮೂರು ಬೆರಳು ಎಳೆದಿದ್ದ. ಯಂತ್ರ ಉಸಿರಾಡುವ ಕಿಂಡಿ ಇರುವುದು ಹಣೆಯಲ್ಲೇ. ಪೂಜೆಯ ವಿಭೂತಿಯನ್ನು ಯಾರೂ ಒರೆಸುವುದಿಲ್ಲ, ಅದು ತಾನಾಗಿ ಉದುರಬೇಕು. ಉದುರುತ್ತಲೇ ಇತ್ತು, ಅವನ ಅಂಗೈಯ ಕಣಗಳೊಡನೆ, ಒಳಗೆ.

ಅವಳು ಇನ್‌ಸ್ಪೆಕ್ಟರನ್ನೂ ಪ್ರಾಧ್ಯಾಪಕರನ್ನೂ ಪ್ರಯೋಗಾಲಯಕ್ಕೆ ಕರೆದು, ಕಾರ್ಖಾನೆಯಲ್ಲಿ ಮುಚ್ಚಿದ್ದ ಹೊಸ ಗಾಜಿನ ಪಟ್ಟಿಯ ಪೊಟ್ಟಣವನ್ನು ಅವರೆದುರೇ ಬಿಚ್ಚಿದಳು. ಏನೂ ಇಲ್ಲದ್ದನ್ನು ಮೊದಲು ಪರೀಕ್ಷಿಸು ಎಂಬುದು ಈ ಪದವಿಯ ಮೊದಲ ಪಾಠ. ಅದಕ್ಕೆ ಖಾಲಿ ಪರೀಕ್ಷೆ ಎನ್ನುತ್ತಾರೆ. ಯಂತ್ರದ ಮೇಲಿನ ನಂಬಿಕೆಯಲ್ಲಿ ಏಳು ತಿಂಗಳಿಂದ ಅದನ್ನು ಯಾರೂ ಮಾಡಿರಲಿಲ್ಲ, ಭುವನಾ ಕೂಡ. ಪರದೆ ಹೇಳಿತು: ಗುರುಪಾದಪ್ಪ. ಎರಡನೆಯ ಪಟ್ಟಿಗೂ ಅದೇ, ಮೂರನೆಯದಕ್ಕೂ ಅದೇ.

"ಸರ್, ಯಂತ್ರ ಸುಳ್ಳು ಹೇಳಿಲ್ಲ," ಎಂದಳು ಭುವನಾ. "ನಾವು ತಪ್ಪು ತಿಳಕೊಂಡ್ವಿ."

ಯಂತ್ರದ ಹಣೆ ಕಂಡು ಹಂಚಿನಮನಿಯವರಿಗೆ ತಾವೇ ಮರೆತಿದ್ದ ಪೂಜೆ ನೆನಪಾಯಿತು. ದೊಡ್ಡ ಮನುಷ್ಯರು, ತಪ್ಪು ತಮ್ಮದೆಂದು ಅಲ್ಲೇ ಬರೆದುಕೊಟ್ಟರು. ಮಧ್ಯಾಹ್ನದೊಳಗೆ ಗುರುಪಾದಪ್ಪ ಮನೆಗೆ ಬಂದ. ಹದಿನಾಲ್ಕು ಕಡತಗಳು ಮತ್ತೆ ತೆರೆದವು. ಒಬ್ಬ ಕಳ್ಳ ಮಾಯವಾಗಿ ಒಂಬತ್ತು ಕಳ್ಳರು ಸಿಕ್ಕರು, ಮೊದಲು ಸಿಕ್ಕವನು ಅನಾಮಿಕ ೬೩. ಚಿನ್ನದ ಪದಕ ಬೇರೆಯವರ ಕೊರಳಿಗೆ ಹೋಯಿತು. ಭುವನಾಗೆ ಬೇಸರವಾಯಿತು, ಸುಳ್ಳೇಕೆ ಹೇಳಬೇಕು.

ಯಂತ್ರ ಮಾಡಿದ ಕಂಪನಿಯ ತಂತ್ರಜ್ಞರು ಬಂದರು. ವಿಭೂತಿ ಕಣಜಾಲರಿಯ ಆಳಕ್ಕಿಳಿದಿತ್ತು, ತೆಗೆಯಹೋದರೆ ಜಾಲರಿಯೇ ಹರಿಯುತ್ತಿತ್ತು. ಅವರು ಸುಲಭದ ದಾರಿ ಹಿಡಿದು, ಗುರುಪಾದಪ್ಪನ ಕಣ ಕಂಡರೆ ಲೆಕ್ಕಕ್ಕೆ ಹಿಡಿಯದಿರುವಂತೆ ಯಂತ್ರಕ್ಕೆ ಕಲಿಸಿ ಹೋದರು. ಇನ್ನು ಇಡೀ ಜಿಲ್ಲೆಯಲ್ಲಿ ನಿಶ್ಚಿಂತೆಯಿಂದ ಕದಿಯಬಲ್ಲವನು ನೀನೊಬ್ಬನೇ ಎಂದು ಗುಮಾಸ್ತರು ಚೇಷ್ಟೆ ಮಾಡಿದರು. ಅವನೂ ನಕ್ಕ.

ನಿವೃತ್ತಿಯ ದಿನ ಹೊದಿಸಿದ ಶಾಲಿನಲ್ಲೇ ಗುರುಪಾದಪ್ಪ ಪ್ರಯೋಗಾಲಯಕ್ಕೆ ಬಂದ. ಭುವನಾ ಯಂತ್ರದ ಕೋಣೆ ತೆರೆದು ಒಳಗೆ ಕರೆದಳು. ಒಂದು ಗಾಜಿನ ಪಟ್ಟಿಗೆ ಹೆಬ್ಬೆರಳು ಒತ್ತಿ, ಓದಿಸು ಎಂದ. ಪರದೆ ಹೇಳಿತು: ಯಾರೂ ಮುಟ್ಟಿಲ್ಲ. ತನ್ನ ಬೀಗದ ಕೈ ಗೊಂಚಲು ಕೊಟ್ಟ. ಅದನ್ನು ಮುಟ್ಟಿದ ಉಳಿದವರ ಹೆಸರೆಲ್ಲ ಬಂತು, ಅವನದೊಂದು ಬಿಟ್ಟು.

"ಮೂವತ್ತೊಂದು ವರ್ಷ ಒರಸೇನಿ ಇವನ್ನೆಲ್ಲಾ," ಎಂದ. "ನಾ ಇಲ್ಲಿ ಬಂದೇ ಇಲ್ಲ ಅಂತೈತಲ್ಲ, ಯವ್ವಾ."

ವಿಜ್ಞಾನದ ಉತ್ತರ ಭುವನಾಗೆ ಗೊತ್ತಿತ್ತು. ಅವನು ಕೇಳಿದ್ದು ಅದನ್ನಲ್ಲ. ಕೆಳಗಿನ ಕಪಾಟಿನಿಂದ ಹಳೆಯ ಪುಡಿಯ ಡಬ್ಬಿ, ಕುಂಚ ತೆಗೆದಳು. ಉಸಿರು ಬಿಗಿಹಿಡಿದು ಹಗುರಾಗಿ ತಿರುಗಿಸಿದಳು. ಗಾಜಿನ ಮೇಲೆ ಹೆಬ್ಬೆರಳಿನ ಗೆರೆಗಳು ಒಂದೊಂದಾಗಿ ಎದ್ದವು. ಅಚ್ಚನ್ನು ಅಂಟುಪಟ್ಟಿಯಿಂದ ಎತ್ತಿ ಕಾರ್ಡಿಗಿಳಿಸಿ, ಹೆಸರು, ಸ್ಥಳ, ತಾರೀಖು ಬರೆದು, ಸಾಕ್ಷಿ ಎಂಬಲ್ಲಿ ತನ್ನ ಸಹಿ ಹಾಕಿದಳು. ಅದನ್ನು ಸ್ಪರ್ಶಲೇಖಿಯ ಪಕ್ಕದ ಗೋಡೆಗೆ ಅಂಟಿಸಿದಳು.

ಗುರುಪಾದಪ್ಪ ಕಾರ್ಡನ್ನು ನೋಡುತ್ತ ನಿಂತ. ಆಮೇಲೆ ಹೆಗಲ ಮೇಲಿನ ಶಾಲು ಸರಿಸಿ, ಬಟ್ಟೆ ತೆಗೆದುಕೊಂಡು, ಆ ಗಾಜಿನ ಪಟ್ಟಿಯನ್ನು ಒರೆಸಿ ಡಬ್ಬಿಯಲ್ಲಿಟ್ಟ.