ಕರಿ ಉಣ್ಣೆಯ ಗಂಟು

"ಆ ಬಳ್ಳಿಗಿ ಮಾತ್ರ ಕೈ ಹಚ್ಚಬ್ಯಾಡ್ರೀ ಸಾಹೇಬ್ರ," ಎಂದು ಗಡ್ಡೆ ತೋರಿಸಲು ಬಂದಿದ್ದ ಕುರಿಗಾರ ಹೊಳೆಪ್ಪ ಗುದ್ದಲಿಯನ್ನು ಅಡ್ಡ ಹಿಡಿದು ನಿಂತ. "ಉಳದದ್ದು ಎಷ್ಟರ ಅಗೀರಿ. ಅದಕ್ಕ ನಮ್ಮಾಕಿ ಹೆಸರ್ಲೆ ದಾರ ಕಟ್ಟೇವಿ."

ಅನಗವಾಡಿಯ ಆಚೆಗಿನ ಕಲ್ಲುಗುಡ್ಡ. ಬೀರಪ್ಪನ ಗುಡಿಯ ಹಿಂದೆ, ಕಳ್ಳಿಸಾಲನ್ನು ತಬ್ಬಿಕೊಂಡು ಬೆಳೆದ ಅಗ್ನಿಶಿಖೆಯ ಬಳ್ಳಿಗಳು ಹುಬ್ಬಿ ಮಳೆಗೆ ಹೂ ಬಿಟ್ಟು ಉರಿಯುತ್ತಿದ್ದವು. ಅರ್ಧ ಕೆಂಪು, ಅರ್ಧ ಹಳದಿ, ಎಸಳೆಲ್ಲ ಮೇಲಕ್ಕೆ ತಿರುಚಿಕೊಂಡ ಹೂ. ಎಲ್ಲಕ್ಕಿಂತ ದಪ್ಪನೆಯ ಬಳ್ಳಿಯ ಬುಡಕ್ಕೆ ಕರಿ ಉಣ್ಣೆಯ ದಾರ ಸುತ್ತಿ ಗಂಟು ಹಾಕಿತ್ತು. ಮಳೆಯಲ್ಲಿ ನೆನೆದ ಉಣ್ಣೆ ಕುರಿಹಟ್ಟಿಯ ಹಾಗೆ ಕಮಟು ನಾರುತ್ತಿತ್ತು.

ಶಾಂತಿನಾಥನಿಗೆ ನಗು ತಡೆಯಲಿಲ್ಲ. "ನಿನ್ನ ಹೆಂಡ್ತಿ ಹೆಸರು ಬಳ್ಳಿಗಿ ಗೊತ್ತೈತೇನೋ ಹೊಳೆಪ್ಪ?"

"ನಗಬ್ಯಾಡ್ರೀ. ನಮ್ಮ ಮಂದ್ಯಾಗ ಹೆಣ್ಮಗಳಿಗಿ ದಿನಾ ತುಂಬೂಮುಂದ ಒಂದು ಬಳ್ಳಿಗಿ ಆಕಿ ಹೆಸರು ಹೇಳಿ ದಾರ ಕಟ್ತೇವ್ರಿ. ಬ್ಯಾನಿ ತಡದ್ರ ಗಂಡ ಬಂದು ಗಡ್ಡಿ ಅಗದು, ತೇದು, ಆಕಿ ಅಂಗಾಲಿಗಿ ಹಚ್ಚತಾನ. ಕೂಸು ಹೊರಗ ಬಂದ ಕೂಡ್ಲೆ ಒರಸಬೇಕು. ಬ್ಯಾರೇದಾಂವ ಅಗದ್ರ ಗಂಟು ಬಿಚ್ಚೂದಿಲ್ಲ. ಅಗದಾವನ ಮನಿಗೂ ಹತ್ತತೈತಿ, ಎಲ್ಲಾ ನಡುವ ನಿಂದರತೈತಿ."

ಹೇಳುವಾಗ ಅವನ ತುಟಿ ಒಣಗಿತ್ತು. ಮದುವೆಯಾಗಿ ಎಷ್ಟೋ ವರ್ಷಕ್ಕೆ ಅವನ ಹೆಂಡತಿ ಸಾತವ್ವ ಬಸುರಾಗಿದ್ದಳು. ಇಂದೋ ನಾಳೆಯೋ ಎನ್ನುವಂತಿದ್ದಳು.

ಶಾಂತಿನಾಥ ಇಂಥದ್ದನ್ನೆಲ್ಲ ಕಿವಿಗೆ ಹಾಕಿಕೊಳ್ಳುವ ಆಸಾಮಿಯಲ್ಲ. ಮುಂಬಯಿಯಲ್ಲಿ ಔಷಧಶಾಸ್ತ್ರ ಓದಿದವನು. ಅಜ್ಜನ ಊರು ತೇರದಾಳವೆಂದು ಹೇಳಿಕೊಳ್ಳುತ್ತಿದ್ದನೇ ಹೊರತು ಬೆಳೆದದ್ದು ಸಾಂಗ್ಲಿಯಲ್ಲಿ. ಈ ಸೀಮೆಯ ಕಲ್ಲುಮುಳ್ಳು ಅವನಿಗೆ ಹೊಸದು. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಹೊಸದರಲ್ಲಿ ಒಂದು ಔಷಧ ಕಂಪನಿ ಅವನನ್ನು ಜಮಖಂಡಿಗೆ ಕಳಿಸಿತ್ತು. ಅಗ್ನಿಶಿಖೆಯ ಗಡ್ಡೆಯಲ್ಲಿ ಕೋಲ್ಚಿಸಿನ್ ಎಂಬ ಸತ್ವ ಉಂಟು. ಸಂಧಿವಾತದ ನೋವಿಗೆ ಒಳ್ಳೆಯ ಮದ್ದು, ಪ್ರಮಾಣ ತಪ್ಪಿದರೆ ವಿಷ. ಅಲ್ಲಿಯ ತನಕ ಅದು ವಿಲಾಯತಿಯಿಂದ ಹಡಗಿನಲ್ಲಿ ಬರಬೇಕಿತ್ತು. ಇಲ್ಲಿಯ ಗಡ್ಡೆಯಲ್ಲೇ ಬೇಕಾದಷ್ಟಿದೆ ಎಂದು ತೋರಿಸಿಕೊಟ್ಟರೆ ಶಾಂತಿನಾಥನ ಹೆಸರು ಮುಂಬಯಿಯ ದೊಡ್ಡವರ ಬಾಯಲ್ಲಿ ಓಡಾಡುತ್ತಿತ್ತು. ಆದರೆ ಅಂದು ಅಗೆದ ಗಡ್ಡೆಗಳೆಲ್ಲ ಬೆರಳುಗಾತ್ರದವು, ಹಿಂಡಿದರೆ ಬರೀ ನೀರು.

ಮನೆಯಲ್ಲಿ ಹೆಂಡತಿ ಪದ್ಮವ್ವನ ರಾಗ ಬೇರೆ. ಜೈನರ ಮನೆಯೊಳಗೆ ಗಡ್ಡೆ ಗೆಣಸು ಬರುವಂತಿಲ್ಲ, ಚಾತುರ್ಮಾಸದಲ್ಲಂತೂ ಕೇಳುವುದೇ ಬೇಡ. ಗಂಡ ಪಡಸಾಲೆಯ ಪಕ್ಕದ ಕೋಣೆಯಲ್ಲಿ ಕಾಡುಗಡ್ಡೆಯ ಜೊತೆಗೆ ಉಳ್ಳಾಗಡ್ಡಿಯನ್ನೂ ಹರವಿಕೊಂಡು ಕೂತದ್ದು ನೋಡಿ ಅವಳು ಮೂಗಿಗೆ ಸೆರಗು ಹಿಡಿದಳು.

"ಎರಡು ಸಲ ಹೊಟ್ಟ್ಯಾಗಿಂದು ಕಳಕೊಂಡೇನಿ. ಈ ಸಲನಾದ್ರೂ ನೆಲದಾಗಿನ ಜೀವಾ ಅಗದು ಮನಿಗಿ ತರಬ್ಯಾಡ್ರೀ," ಎಂದಳು. ಅವಳ ಹೊಟ್ಟೆ ಈಗಷ್ಟೇ ಕಾಣತೊಡಗಿತ್ತು.

"ತಿನ್ನಾಕ ತಂದಿಲ್ಲ, ನೋಡಾಕ ತಂದೇನಿ," ಎಂದು ಶಾಂತಿನಾಥ ಅದನ್ನೂ ನಗೆಯಲ್ಲೇ ತೇಲಿಸಿಬಿಟ್ಟ.

ಮರುದಿನ ಒಬ್ಬನೇ ಬಸ್ಸು ಹತ್ತಿ ಗುಡ್ಡಕ್ಕೆ ಹೋದ. ಹೊಳೆಪ್ಪ ಕುರಿ ಬಿಟ್ಟುಕೊಂಡು ಆಚೆಯ ಇಳಿಜಾರಿಗೆ ಹೋಗಿದ್ದ. ಶಾಂತಿನಾಥ ಚಾಕುವಿನಿಂದ ದಾರ ಕೊಯ್ದ. ಗಂಟನ್ನು ಕಾಲಿನಿಂದ ಆಚೆ ತಳ್ಳಿದ. "ಸಿಟ್ಟಾಗಬ್ಯಾಡ ಬೇ ಸಾತವ್ವಾ," ಎಂದು ಬಳ್ಳಿಗೆ ಕೈಮುಗಿದು ಅಣಕಿಸಿದ ಕೂಡ. ಗುಡ್ಡದ ಗಾಳಿ ಥಟ್ಟನೆ ನಿಂತಿತು. ಕಪ್ಪು ಮಣ್ಣಿನಿಂದ ಹೊರಬಂದ ಗಡ್ಡೆ ನೇಗಿಲಿನಂತೆ ಬಾಗಿ, ಬೆಳ್ಳಗೆ, ಕೈಗೆ ಬೆಚ್ಚಗಿತ್ತು. ಬಿಸಿಲಿಗೆ ಕಾದಿರಬೇಕು ಎಂದುಕೊಂಡ. ಅಂದು ಬಿಸಿಲೇ ಇರಲಿಲ್ಲ.

ಮನೆಗೆ ತಂದು ಗಡ್ಡೆಯನ್ನು ಹೋಳು ಮಾಡಿ, ಸ್ಪಿರಿಟಿನಲ್ಲಿ ನೆನೆಹಾಕಿ ಸತ್ವ ಇಳಿಸಿದ. ಇಷ್ಟೊಂದು ಸಿಕ್ಕೀತೆಂದು ಅವನು ಎಣಿಸಿರಲೇ ಇಲ್ಲ. ಮುಂಬಯಿಗೆ ತಂತಿ ಕೊಟ್ಟ. ಇನ್ನು ಉಳಿದದ್ದು ಪರೀಕ್ಷೆ. ಬೇರು ಬಿಟ್ಟ ಉಳ್ಳಾಗಡ್ಡಿಯೊಂದನ್ನು ಆ ಸತ್ವದಲ್ಲಿ ಅದ್ದಿಟ್ಟು, ಬೇರಿನ ತುದಿ ಕತ್ತರಿಸಿ ಸೂಕ್ಷ್ಮದರ್ಶಕದ ಕೆಳಗೆ ನೋಡಿದ. ಕೋಲ್ಚಿಸಿನ್ನಿನ ಗುಣವೇ ಅದು: ಒಂದು ಜೀವಕೋಶ ಎರಡಾಗಲು ಹೊರಟಾಗ ನಡುವೆ ಹಿಡಿದು ನಿಲ್ಲಿಸಿಬಿಡುತ್ತದೆ. ಕೋಶ ಒಡೆಯುವುದಿಲ್ಲ, ಹಿಂದಕ್ಕೂ ಹೋಗುವುದಿಲ್ಲ, ಊದಿಕೊಂಡು ಹಾಗೇ ಇರುತ್ತದೆ. ಪುಸ್ತಕದಲ್ಲಿ ಓದಿದಂತೆಯೇ ಇತ್ತು. ಶಾಂತಿನಾಥ ಖುಷಿಯಿಂದ ತೊಡೆ ತಟ್ಟಿಕೊಂಡ. ಆಮೇಲೆ ಹೋಲಿಸಲೆಂದು, ಬರೀ ನೀರಿನಲ್ಲಿಟ್ಟಿದ್ದ ಇನ್ನೊಂದು ಉಳ್ಳಾಗಡ್ಡಿಯ ಬೇರನ್ನು ನೋಡಿದ.

ಅಲ್ಲಿಯೂ ಕೋಶಗಳೆಲ್ಲ ನಡುವೆ ನಿಂತಿದ್ದವು.

ಎಲ್ಲೋ ಕೈತಪ್ಪಿ ಬೆರೆತಿರಬೇಕೆಂದು ಗಾಜಿನ ಬಟ್ಟಲುಗಳನ್ನೆಲ್ಲ ಉಜ್ಜಿ ತೊಳೆದು, ಹೊಸ ಉಳ್ಳಾಗಡ್ಡಿ ತಂದಿಟ್ಟ. ಮತ್ತೆ ಹಾಗೆಯೇ. ಅಷ್ಟರಲ್ಲಿ ಪದ್ಮವ್ವ ಹೆಪ್ಪು ಹಾಕಿದ ಹಾಲು ಮೊಸರೂ ಆಗಲಿಲ್ಲ, ಕೆಡಲೂ ಇಲ್ಲ. ಹಿತ್ತಲಿನ ಜಾಜಿಮೊಗ್ಗು ಬಿರಿಯದೆ ಉದುರದೆ ಬಳ್ಳಿಯ ಮೇಲೆಯೇ ನಿಂತವು. ಕಟ್ಟಿಗೆಯ ಕೋಣೆಯಲ್ಲಿ ಬೆಕ್ಕು ಮರಿ ಹಾಕಲೆಂದು ಮಲಗಿ, ಹಾಕಲಾರದೆ, ಹೆಂಗಸಿನ ದನಿಯಲ್ಲಿ ನರಳತೊಡಗಿತು. ಮನೆಯ ತುಂಬ ಒದ್ದೆ ಉಣ್ಣೆಯ ಕಮಟು. ಸ್ಪಿರಿಟಿನ ಘಾಟಿಗೂ ಅದು ಅಡಗಲಿಲ್ಲ.

ಒಂದು ಮುಂಜಾನೆ ಪದ್ಮವ್ವ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಒಲೆಯ ಮುಂದೆ ಕೂತಿದ್ದಳು. "ಕೂಸು ಹೊರಳಾಡಾಕತ್ತಿತ್ತು. ನಿನ್ನಿಯಿಂದ ಸುಮ್ಮನ ಐತ್ರೀ," ಎಂದಳು.

ಅಂದಿನಿಂದ ಶಾಂತಿನಾಥ ನಗುವುದನ್ನು ಬಿಟ್ಟ.

ಅದೇ ಮಧ್ಯಾಹ್ನ ಹೊಳೆಪ್ಪ ಬಂದ. ಎದೆಯ ತನಕ ಕೆಸರು, ಕಣ್ಣು ಕೆಂಡ. "ಸಾತವ್ವ ನಿನ್ನಿಯಿಂದ ಬ್ಯಾನಿ ತಿನ್ನಾಕತ್ತಾಳ್ರೀ. ಕೂಸು ಬರವಲ್ದು, ಬ್ಯಾನಿ ನಿಂದರವಲ್ದು. ಹಳ್ಳ ಬಂದೈತಿ, ಗಾಡಿ ದಾಟವಲ್ದು, ದವಾಖಾನಿಗಿ ಹ್ಯಾಂಗ ಒಯ್ಯಲಿ? ಗಡ್ಡಿ ತರೂಣಂತ ಗುಡ್ಡಕ್ಕ ಹೋದ್ರ ಬರೇ ತೆಗ್ಗ ಐತ್ರೀ. ಯಾರ ಒಯ್ದಾರ, ನಿಮಗೇನರ ಗೊತ್ತೈತೇನ್ರೀ?"

"ನನಗೇನ ಗೊತ್ತು?" ಎಂದ ಶಾಂತಿನಾಥ. ಅವನು ಕೈಯಿಟ್ಟು ನಿಂತಿದ್ದ ಬಾಗಿಲ ಹಿಂದೆಯೇ ಗಡ್ಡೆಯ ಸತ್ವ ಬಾಟಲಿಯಲ್ಲಿತ್ತು.

ಹೊಳೆಪ್ಪ ಅನುಮಾನಪಡಲಿಲ್ಲ. ಪಟ್ಟಿದ್ದರೆ ಚೆನ್ನಾಗಿತ್ತು. "ಔಷಧದ ಸಾಹೇಬ್ರದೀರಿ, ಒಮ್ಮಿ ಬಂದು ನೋಡ್ರೀ," ಎಂದು ಕಾಲಿಗೇ ಬಿದ್ದ. ಒಲ್ಲೆ ಎನ್ನಲು ಶಾಂತಿನಾಥನಿಗೆ ಮುಖವಿರಲಿಲ್ಲ.

ಹಳ್ಳ ಕೆಂಪಗೆ ಭೋರ್ಗರೆಯುತ್ತಿತ್ತು. ಈಜು ಬಾರದ ಸಾಹೇಬನನ್ನು ಹೊಳೆಪ್ಪ ಹೆಗಲ ಮೇಲೆ ಹೊತ್ತು ದಾಟಿಸಿದ. ಅವನ ತಲೆ ಹಿಡಿದು, ಅವನ ಹೆಗಲ ಮೇಲೆ ಕೂತು, ಶಾಂತಿನಾಥನಿಗೆ ತನ್ನ ಮೇಲೆ ತನಗೇ ಹೇಸಿಗೆ ಬಂತು. ದಡ ಮುಟ್ಟಿದ ಕೂಡಲೇ ಹೇಳಿಬಿಡುತ್ತೇನೆ ಎಂದುಕೊಂಡ. ದಡ ಮುಟ್ಟಿತು. ಹೇಳಲಿಲ್ಲ.

ಹಗಲಲ್ಲೇ ಕತ್ತಲು ಕವಿದಿತ್ತು. ಮೋಡ ಗುಡಿಸಲ ಸೂರಿಗೆ ತಾಗುವಷ್ಟು ಕೆಳಗಿಳಿದಿತ್ತು. ಒಳಗಿನಿಂದ ಕುರಿಹಿಕ್ಕೆಯ, ಬೇವಿನ ಹೊಗೆಯ, ರಕ್ತದ ವಾಸನೆ. ಹೊಳೆಪ್ಪನ ತಾಯಿ ಲಗಮವ್ವ, ಊರ ಸೂಲಗಿತ್ತಿಯೂ ಅವಳೇ, ಹೊಸ್ತಿಲಿಗೆ ಬಂದಳು. ಮೊಣಕೈ ತನಕ ಕೈ ಕೆಂಪಾಗಿತ್ತು. ಅವಳ ಬೆನ್ನ ಹಿಂದೆ ಸಾತವ್ವ ನರಳಿದಳು. ಶಾಂತಿನಾಥನ ಮನೆಯ ಬೆಕ್ಕು ನರಳುತ್ತಿದ್ದದ್ದು ಇದೇ ದನಿಯಲ್ಲಿ.

"ಔಷಧಾ ಏನರ ತಂದೀರೇನ್ರೀ?"

ಶಾಂತಿನಾಥ ಇಲ್ಲವೆಂದು ತಲೆಯಲ್ಲಾಡಿಸಿದ.

"ಹಂಗಾರ ಇನ್ನ ಒಂದ ದಾರಿ ಐತಿ," ಎಂದಳು ಲಗಮವ್ವ. "ಗಂಟು ಈಗ ಎರಡೂ ಮನಿ ಹಿಡಕೊಂಡು ನಿಂತೈತಿ. ಗಡ್ಡಿ ಒಯ್ದಾಂವ ಈ ಹೊಸ್ತಿಲಕ್ಕ ಬಂದು 'ನಾ ಒಯ್ದೇನಿ' ಅಂದ್ರ ಸಾಕು, ಇಕೀನ ಬಿಟ್ಟು ಅವನ ಮನ್ಯಾಗ ಹೊಗತೈತಿ. ಅನಲಿಲ್ಲಂದ್ರ ಇಲ್ಲೇ ಮುಗಿತೈತಿ."

"ಅವನ ಮನ್ಯಾಗೂ ಬಸರಿ ಇದ್ರ?" ಶಾಂತಿನಾಥನ ಬಾಯಿಂದ ಮಾತು ಜಾರಿಬಿಟ್ಟಿತು.

ಲಗಮವ್ವ ಅವನನ್ನೇ ನೋಡಿದಳು. "ಅದು ಅಗಿಯೂಕಿಂತ ಮೊದ್ಲ ಕೇಳೂ ಮಾತ್ರೀ," ಎಂದಳು.

ಗುಡ್ಡದ ಮೇಲೆ ನಕ್ಕ ಆ ಶಾಂತಿನಾಥನೇ ಇಲ್ಲಿ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು! ಎರಡು ಮಾತು ತಾನೇ? ಮುದುಕಿಯ ಸಮಾಧಾನಕ್ಕಾದರೂ ನಗುನಗುತ್ತ ಅಂದುಬಿಡುತ್ತಿದ್ದ. ಸಾತವ್ವ ಬದುಕುತ್ತಿದ್ದಳು. ಆದರೆ ಈಗ ಅವನು ನಂಬಿದ್ದ. ಮೊಸರಾಗದ ಹಾಲನ್ನು ಕಂಡಿದ್ದ. ನಂಬಿಕೆ ಅವನ ಬಾಯಿಗೆ ಬೀಗ ಹಾಕಿತ್ತು.

ಬಾಯಿ ತೆರೆದ. ನಾಲಿಗೆಯ ಮೇಲೆ ಕಹಿ. ಒಳಗೆ ಕತ್ತಲಲ್ಲಿ ಸಾತವ್ವನ ಕಣ್ಣು. ಅವನನ್ನೇ ನೋಡುತ್ತಿತ್ತು. ಹೇಳು. ಪದ್ಮವ್ವ ಒಲೆಯ ಮುಂದೆ ಕೂತಿದ್ದಾಳೆ. ಹೇಳು. ಸುಮ್ಮನಾದ ಕೂಸು. ಬೇಡ. ಹೊಳೆಪ್ಪ ಪಕ್ಕದಲ್ಲೇ ಕೈಮುಗಿದು ನಿಂತಿದ್ದಾನೆ. ಯಾರಿಗೋ. ಬೀರಪ್ಪನಿಗೋ, ಸಾಹೇಬನಿಗೋ. ಮತ್ತೊಂದು ಕೂಗು ಎದ್ದಿತು. ಏರಿತು. ಇನ್ನೂ ಏರಿತು.

"ನಾ ಕಂಡಿಲ್ಲ," ಎಂದ ಶಾಂತಿನಾಥ.

ಕೂಗು ನಡುವೆಯೇ ನಿಂತಿತು. ಮತ್ತೆ ಬರಲಿಲ್ಲ.

ಹೆಣ್ಣೂ ಹೋಯಿತು, ಹೊಟ್ಟೆಯೊಳಗಿನದೂ ಹೋಯಿತು. ಹೊಳೆಪ್ಪ ಅಳಲಿಲ್ಲ. ಸಾಹೇಬರು ಕತ್ತಲಾಗುವ ಮುಂಚೆ ಮನೆ ಸೇರಲೆಂದು ಅವರನ್ನು ಮತ್ತೆ ಹೆಗಲ ಮೇಲೆ ಹೊತ್ತು ಹಳ್ಳ ದಾಟಿಸಿಯೇ ಹಿಂದಿರುಗಿದ.

ಜಮಖಂಡಿಯ ಮನೆಗೆ ಬಂದಾಗ ಹಿತ್ತಲಿನಲ್ಲಿ ಜಾಜಿ ಒಮ್ಮೆಲೇ ಬಿರಿದು ಘಮಘಮಿಸುತ್ತಿತ್ತು. ಕಟ್ಟಿಗೆಯ ಕೋಣೆಯಲ್ಲಿ ಬೆಕ್ಕು ಮರಿಗಳನ್ನು ನೆಕ್ಕುತ್ತಿತ್ತು. ಪದ್ಮವ್ವ ಅವನ ಕೈ ಹಿಡಿದು ಹೊಟ್ಟೆಯ ಮೇಲಿಟ್ಟುಕೊಂಡಳು. "ನೋಡ್ರೀ, ಹ್ಯಾಂಗ ಒದೀಲಾಕತ್ತೈತಿ!" ಕೂಸು ಒದೆಯಿತು. ಶಾಂತಿನಾಥ ಬಿಕ್ಕಿಬಿಕ್ಕಿ ಅತ್ತ. ಸಂತೋಷಕ್ಕೆ ಅಳುತ್ತಿದ್ದಾರೆ ಎಂದು ಅವಳು ತಿಳಿದಳು. ನಾಚಿಕೆಯ ಮಾತೆಂದರೆ, ಅದರಲ್ಲಿ ಸಂತೋಷವೂ ಇತ್ತು.

ದಿನ ತುಂಬಿ ಗಂಡುಮಗು ಹುಟ್ಟಿತು. ಗುಂಡಗೆ, ಗಟ್ಟಿಮುಟ್ಟಾಗಿ. ಆದರೆ ಅಳು ಎಂದರೆ ಅಂಥಿಂಥ ಅಳುವಲ್ಲ. ತಾಯಿಯ ಮೊಲೆ ಕಚ್ಚಿದರೂ ಅಳು, ತೊಟ್ಟಿಲಲ್ಲೂ ಅಳು. ಶಾಂತಿನಾಥ ಎತ್ತಿಕೊಂಡರಂತೂ ಉಸಿರು ಕಟ್ಟಿ ನೀಲಿಯಾಗುತ್ತಿತ್ತು. ಪದ್ಮವ್ವ ಬಸದಿಗೆ ಹೋಗಿ ಹರಕೆ ಹೊತ್ತಳು. ಅದರಿಂದಲೂ ಏನೂ ಆಗಲಿಲ್ಲ.

ಒಂದು ಸಂತೆಯ ದಿನ ಹೊಳೆಪ್ಪ ಬಾಗಿಲಿಗೆ ಬಂದು ನಿಂತ. ಉಣ್ಣೆ ಮಾರಲು ಬಂದವನು ಮಗುವಿನ ಸುದ್ದಿ ಕೇಳಿದ್ದ. ಕಂಕುಳಲ್ಲಿ ಒಂದು ಚಿಕ್ಕ ಕಂಬಳಿ. "ನ-ನಮ್ಮ ಕೂಸಿಗಂತ ನೇದಿಟ್ಟಿದ್ದೆ. ಮನ್ಯಾಗ ಇಟ್ಕೊಂಡು ಏನ ಮಾಡಲ್ರೀ ಅಕ್ಕಾರ," ಎಂದ. ಪದ್ಮವ್ವ ಕಣ್ಣೀರು ಒರೆಸಿಕೊಂಡು ಅಳುವ ಮಗುವನ್ನು ತಂದು ಅವನ ತೋಳಿಗೇ ಕೊಟ್ಟಳು.

ಮಗು ಸುಮ್ಮನಾಯಿತು. ಹುಟ್ಟಿದ ಮೇಲೆ ಮೊದಲ ಸಲ, ಕಣ್ಣು ಮುಚ್ಚಿ ನೆಮ್ಮದಿಯಾಗಿ ನಿದ್ದೆ ಹೋಯಿತು.

"ಸಂತಿಗಿ ಬಂದಾಗೊಮ್ಮಿ ಬಂದು ಹೋಗ್ರೀ ಅಣ್ಣಾ," ಎಂದಳು ಪದ್ಮವ್ವ. ಅವನು ಬರತೊಡಗಿದ. ಬಂದಾಗಲೆಲ್ಲ ಮನೆಯಲ್ಲಿ ಬೆಳಕು ಬಂದ ಹಾಗಾಗುತ್ತಿತ್ತು, ಒಬ್ಬ ಶಾಂತಿನಾಥನಿಗೆ ಬಿಟ್ಟು. ಹೇಳಬೇಕೆಂದು ಮಾತು ಗಂಟಲಿಗೆ ಬರುತ್ತಿತ್ತು. ಹೇಳಿದರೆ ಗಂಟು ಮಗುವಿಗೆ ಸುತ್ತಿಕೊಂಡರೆ? ಅದನ್ನೇ ನೆಪ ಮಾಡಿಕೊಂಡು ನುಂಗುತ್ತಿದ್ದ. ಹೆದರಿಕೆ ಮಗುವಿನ ಬಗ್ಗೆಯೋ, ಹೊಳೆಪ್ಪನ ಮುಖ ನೋಡುವ ಬಗ್ಗೆಯೋ, ಅವನಿಗೇ ಗೊತ್ತಿರಲಿಲ್ಲ.

ಮಗು ಮೊದಲ ಹೆಜ್ಜೆ ಇಟ್ಟ ದಿನವೂ ಹೊಳೆಪ್ಪ ಬಂದಿದ್ದ. ಬಾಗಿಲ ಹತ್ತಿರ ಕೂತಿದ್ದ. ಮಗು ಗೋಡೆ ಬಿಟ್ಟು ನಿಂತದ್ದು ಕಂಡು ಶಾಂತಿನಾಥ ಪಡಸಾಲೆಯ ನಡುವೆ ಮೊಣಕಾಲೂರಿ ಎರಡೂ ಕೈ ಚಾಚಿದ. "ಬಾ ತಮ್ಮಾ, ಅಪ್ಪನ ಕಡೆ ಬಾ."

ಮಗು ಅವನನ್ನೊಮ್ಮೆ ನೋಡಿತು. ಆಮೇಲೆ ತೂರಾಡುತ್ತ ಅವನ ಪಕ್ಕದಿಂದಲೇ ದಾಟಿ ಹೋಗಿ, ಹೊಳೆಪ್ಪನ ಮೊಣಕಾಲು ತಬ್ಬಿಕೊಂಡು, ಬಾಯ್ತುಂಬ ಕರೆಯಿತು: "ಅಪ್ಪಾ."

ಪದ್ಮವ್ವ ಬಿದ್ದು ಬಿದ್ದು ನಕ್ಕಳು. ಹೊಳೆಪ್ಪ ನಾಚಿಕೊಂಡು, ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡು, ಮಗುವಿನ ಗದ್ದ ಹಿಡಿದು ತಿರುಗಿಸಲು ನೋಡಿದ. "ಏ ತಮ್ಮಾ, ನಿಮ್ಮಪ್ಪ ಅಲ್ಲೆ ಅದಾರ ನೋಡೋ."

ಮಗು ತಿರುಗಲಿಲ್ಲ. ಅದನ್ನು ಇನ್ನೊಮ್ಮೆ ಕರೆಯಲು ಶಾಂತಿನಾಥನಿಗೂ ಬಾಯಿ ಬರಲಿಲ್ಲ.